ಲೆಕ್ಕಕ್ಕೆ ಬಾರದ ದಿನಗಳು

ಒಂದು ಪ್ರಾಣಿ ವರ್ಷಕ್ಕೆ ಐದು ತಿಂಗಳು ಮಣ್ಣಿನೊಳಗೆ ಮಿಸುಕದೆ ಬಿದ್ದಿರುತ್ತದೆ. ಆ ಐದು ತಿಂಗಳು ಅದು ಬದುಕಿತ್ತು ಎನ್ನಬೇಕೆ, ಬರಿದೆ ಸಾಯದೆ ಉಳಿದಿತ್ತು ಎನ್ನಬೇಕೆ? ಹೊತ್ತು ಹೋಗದವರ ಪ್ರಶ್ನೆಯಿದು ಎಂದು ಓದುಗರು ಪುಟ ಮಗುಚಬಾರದು. ಇದನ್ನು ಬಹು ಗಂಭೀರವಾಗಿ ಕೇಳಿದವರು ಗಿಲ್ಬರ್ಟ್ ವೈಟ್ ಎಂಬ ಇಂಗ್ಲಿಷ್ ಪಾದ್ರಿಗಳು. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದುಕೊಂಡು ಹಕ್ಕಿ, ಹುಳು, ಮಳೆ, ಮಂಜು ಎಲ್ಲವನ್ನೂ ದಿನಚರಿಯಲ್ಲಿ ಬರೆದಿಟ್ಟವರು. 1789ರಲ್ಲಿ ಪ್ರಕಟವಾದ ಅವರ ಸೆಲ್ಬೋರ್ನಿನ ನಿಸರ್ಗ ಚರಿತ್ರೆಯನ್ನು ಜನ ಇಂದಿಗೂ ಓದುತ್ತಾರೆ.

ಅವರ ಸೋದರತ್ತೆಯೊಬ್ಬರು ಸಸೆಕ್ಸಿನ ರಿಂಗ್ಮರ್ ಎಂಬ ಊರಿನಲ್ಲಿ ಸುಮಾರು 40 ವರ್ಷ ಒಂದು ನೆಲದಾಮೆಯನ್ನು ಸಾಕಿದ್ದರು. ಅದರ ಹೆಸರು ತಿಮೊಥಿ. 1780ರ ಮಾರ್ಚ್ ತಿಂಗಳಲ್ಲಿ ಆಕೆ ತೀರಿಕೊಂಡಾಗ ಆಮೆ ಸೋದರಳಿಯನ ಪಾಲಿಗೆ ಬಂತು. ಆಗ ಅದು ಚಳಿಗಾಲದ ನಿದ್ದೆಯಲ್ಲಿತ್ತು. ವೈಟ್ ಅದನ್ನು ಮಣ್ಣಿನಿಂದ ಅಗೆದು ತೆಗೆಸಿದರು. ಅದು ಬುಸ್ಸೆಂದು ಸಿಟ್ಟು ತೋರಿಸುವಷ್ಟು ಮಾತ್ರ ಎಚ್ಚರವಾಗಿತ್ತು. ಪೆಟ್ಟಿಗೆಯಲ್ಲಿಟ್ಟು ಕುದುರೆ ಗಾಡಿಯಲ್ಲಿ 80 ಮೈಲಿ ಸಾಗಿಸಿದರು. ಗಾಡಿಯ ಕುಲುಕಾಟಕ್ಕೆ ಪೂರ್ತಿ ಎಚ್ಚತ್ತ ಆಮೆ ಹೊಸ ತೋಟದಲ್ಲಿ ಎರಡು ಸಲ ಕೊನೆಯವರೆಗೆ ನಡೆದು ಬಂತು. ಸಂಜೆ ಚಳಿ ಬಿತ್ತು. ತಿರುಗಿ ಸಡಿಲ ಮಣ್ಣು ಹುಡುಕಿಕೊಂಡು ಹೂತುಕೊಂಡಿತು. ಹೊಸ ಮನೆ, ಹೊಸ ಯಜಮಾನ ಎಂಬ ದಾಕ್ಷಿಣ್ಯವೇನೂ ಅದಕ್ಕಿರಲಿಲ್ಲ.

ಅದೇ ವರ್ಷದ ಏಪ್ರಿಲ್ 21ರಂದು ವೈಟ್ ತಮ್ಮ ಸ್ನೇಹಿತರಾದ ಡೇನ್ಸ್ ಬ್ಯಾರಿಂಗ್ಟನ್ ಅವರಿಗೆ ಬರೆದ ಪತ್ರದಲ್ಲಿ ನಮ್ಮ ಪ್ರಶ್ನೆ ಬರುತ್ತದೆ. ಅದರ ಸಾರಾಂಶ ಇಷ್ಟು: ಆಯುಸ್ಸಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚನ್ನು ಸಂತೋಷವಿಲ್ಲದ ಮಂಪರಿನಲ್ಲಿ ಪೋಲು ಮಾಡುವ ಈ ಜಂತುವಿಗೆ ದೇವರು ಅಷ್ಟೊಂದು ದೀರ್ಘಾಯುಸ್ಸನ್ನು ಏಕೆ ಕೊಟ್ಟನೋ ಆಶ್ಚರ್ಯ. ಚಳಿಗಾಲವೊಂದೇ ಅಲ್ಲ, ಬೇಸಗೆಯ ಉದ್ದನೆಯ ದಿನಗಳಲ್ಲೂ ಆಮೆ ಸಂಜೆ ನಾಲ್ಕಕ್ಕೇ ಮಲಗಿಬಿಡುತ್ತಿತ್ತು, ಬೆಳಿಗ್ಗೆ ತಡವಾಗಿ ಏಳುತ್ತಿತ್ತು, ಮಳೆ ಹನಿದರೆ ಅಡಗಿಕೊಳ್ಳುತ್ತಿತ್ತು. (ಸರ್ಕಾರಿ ನೌಕರರ ಬಗ್ಗೆ ಜನ ಹೇಳುವುದನ್ನು ಇಲ್ಲಿ ನೆನೆಯುವುದು ಬೇಡ.) ಪತ್ರ ಇನ್ನೂ ಮುಗಿದಿರಲಿಲ್ಲ. ಅಂದು ಮಧ್ಯಾಹ್ನ ಹವೆ ಬೆಚ್ಚಗೆ, ತೇವವಾಗಿತ್ತು. ಉಷ್ಣಮಾಪಕ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಚಿಪ್ಪುಹುಳುಗಳು ಹಿಂಡುಹಿಂಡಾಗಿ ಹೊರಬಂದವು. ಅದೇ ಗಳಿಗೆಯಲ್ಲಿ ತಿಮೊಥಿ ಮಣ್ಣನ್ನು ಮೇಲಕ್ಕೆತ್ತಿ ತಲೆ ಹೊರಗೆ ಹಾಕಿತು. ಮರುದಿನ ಬೆಳಿಗ್ಗೆ ಸತ್ತು ಎದ್ದಂತೆ ಎದ್ದು ಬಂದು ಸಂಜೆ ನಾಲ್ಕರವರೆಗೆ ಓಡಾಡಿತು. ಇದನ್ನೂ ವೈಟ್ ಅದೇ ಪತ್ರದಲ್ಲಿ ಸೇರಿಸಿದರು. ದೂರನ್ನು ಮಾತ್ರ ಹೊಡೆದುಹಾಕಲಿಲ್ಲ.

ಕೇಂದ್ರ ಸರ್ಕಾರದ ಕಡತಗಳ ನಡುವೆ ಕುಳಿತಿರುವ ನಮಗೆ ಈ ದೂರಿನ ಧಾಟಿ ಪರಿಚಿತವಾದದ್ದು. ನಮ್ಮ ನಿಯಮಗಳಲ್ಲಿ 'ಡೈಸ್ ನಾನ್' ಎಂಬ ಲ್ಯಾಟಿನ್ ಮಾತೊಂದಿದೆ. ಅಪ್ಪಣೆಯಿಲ್ಲದೆ ಗೈರುಹಾಜರಾದವನ ದಿನಗಳನ್ನು ಹಾಗೆಂದು ನಮೂದಿಸಿದರೆ ಸೇವೆ ತುಂಡಾಗುವುದಿಲ್ಲ. ಆದರೆ ಆ ದಿನಗಳು ಸಂಬಳಕ್ಕಾಗಲಿ, ಇನ್‌ಕ್ರಿಮೆಂಟಿಗಾಗಲಿ, ಪಿಂಚಣಿಗಾಗಲಿ ಸೇರುವುದಿಲ್ಲ. ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ವೈಟ್ ಅವರು ಆಮೆಯ ಸರ್ವಿಸ್ ಪುಸ್ತಕ ತೆಗೆದು ಮುಕ್ಕಾಲು ಪಾಲು ಪುಟಗಳಿಗೆ ಈ ಮೊಹರು ಒತ್ತಿದರು ಎನ್ನಬಹುದು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಈ ಮೊಹರು ಸದಾ ಕೈಗೆಟುಕುವಂತೆಯೇ ಇರುತ್ತದೆ. ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗಿ ಬರುವ 20 ದಿನ ಲೆಕ್ಕಕ್ಕೆ. ಮಿಕ್ಕದ್ದು ಹೇಗೋ ಕಳೆಯಬೇಕಾದದ್ದು. ನಿವೃತ್ತಿಯಾಗಲಿ, ಮಗಳ ಓದು ಮುಗಿಯಲಿ, ಆಮೇಲೆ ಬದುಕೋಣ ಎನ್ನುತ್ತ 30 ವರ್ಷ ದೆಹಲಿಯಲ್ಲಿದ್ದವರನ್ನು ನಾವು ಬಲ್ಲೆವು. ಅದಕ್ಕಿಂತ ನೋವಿನದು ಇನ್ನೊಂದಿದೆ. ಊರಿನಲ್ಲಿ ತಂದೆ ತೀರಿಕೊಳ್ಳುತ್ತಾರೆ. ಮನೆಗೆ ಬೀಗ ಬೀಳುತ್ತದೆ. ತಾಯಿಯನ್ನು ರೈಲಿನಲ್ಲಿ ಎರಡು ರಾತ್ರಿ ಕರೆತಂದು ಮೂರನೆಯ ಮಹಡಿಯ ಕ್ವಾರ್ಟರ್ಸಿನಲ್ಲಿ ಇಳಿಸುತ್ತೇವೆ. ಒಂದೆರಡು ದಿನ ಆಕೆ ಮನೆಯೆಲ್ಲ ಓಡಾಡಿ ನೋಡುತ್ತಾರೆ. ಆಮೇಲೆ ಶಾಲು ಹೊದ್ದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾರೆ. "ಅಮ್ಮಾ, ದಿನವಿಡೀ ಹೀಗೆ ಕೂತರೆ ಹೇಗಮ್ಮಾ? ಕೆಳಗೆ ಪಾರ್ಕಿಗಾದರೂ ಹೋಗಿ ಬಾ" ಎನ್ನುವ ಮಾತು ಯಾವ ಕನ್ನಡಿಗರ ಮನೆಯಲ್ಲಿ ಕೇಳಿಬಂದಿಲ್ಲ? ಪ್ರೀತಿಯ ಮಾತೇ. ಆದರೆ ಅದರೊಳಗೆ ಒಂದು ತೀರ್ಪೂ ಇದೆ: ಈ ಕಾಲ ವ್ಯರ್ಥವಾಗುತ್ತಿದೆ ಎಂದು. ಆ ತೀರ್ಪು ಕೊಡುವ ಅಧಿಕಾರ ಹೊರಗಿನಿಂದ ನೋಡುವವನಿಗೆ ಎಷ್ಟರಮಟ್ಟಿಗಿದೆ ಎಂಬುದೇ ನಮ್ಮ ಪ್ರಶ್ನೆ. ಆಮೆಯ ವಿಷಯದಲ್ಲಿ ವಿಜ್ಞಾನ ಇಂದು ವೈಟ್ ಅವರಿಗಿಂತ ಹೆಚ್ಚು ಬಲ್ಲದು, ಅಲ್ಲಿಂದಲೇ ನೋಡೋಣ.

ಬಿ.ಎಸ್ಸಿ.ಯಲ್ಲಿ ನಾವು ಕಪ್ಪೆಯ ಚಳಿನಿದ್ದೆಯ ಬಗ್ಗೆ ಎರಡು ಸಾಲು ಬರೆದು ಎರಡು ಅಂಕ ಪಡೆದಿದ್ದೆವು. ವಿಷಯ ಎರಡು ಸಾಲಿನದಲ್ಲ. ಬಿಸಿರಕ್ತದ ಪ್ರಾಣಿಗಳ ಚಳಿನಿದ್ದೆಗೂ ಹಾವು, ಹಲ್ಲಿ, ಆಮೆಗಳ ಈ ಸ್ಥಿತಿಗೂ ವ್ಯತ್ಯಾಸವಿದೆಯೆಂದು 1965ರಲ್ಲಿ ಅಮೆರಿಕದ ಮೇಹ್ಯೂ ಎಂಬ ವಿಜ್ಞಾನಿ ಇದಕ್ಕೆ 'ಬ್ರೂಮೇಶನ್' ಎಂದು ಬೇರೆಯೇ ಹೆಸರು ಕೊಟ್ಟರು. ಲ್ಯಾಟಿನ್ನಿನ ಬ್ರೂಮಾ ಎಂದರೆ ವರ್ಷದ ಅತಿ ಚಿಕ್ಕ ಹಗಲು. ಇದರ ಪರಮಾವಧಿಯನ್ನು ಕಾಣಬೇಕಾದರೆ ಉತ್ತರ ಅಮೆರಿಕದ ಕೊಳಗಳಿಗೆ ಹೋಗಬೇಕು. ಅಲ್ಲಿ ಬಣ್ಣದ ಆಮೆ ಎಂದು ಕರೆಸಿಕೊಳ್ಳುವ ಸಣ್ಣ ನೀರಾಮೆಯೊಂದಿದೆ. ಚಳಿಗಾಲದಲ್ಲಿ ಕೊಳದ ಮೇಲೆ ಮಂಜುಗಡ್ಡೆಯ ಮುಚ್ಚಳ ಬೀಳುತ್ತದೆ. ಶ್ವಾಸಕೋಶದಿಂದ ಉಸಿರಾಡುವ ಈ ಪ್ರಾಣಿ ಮೂರು ತಿಂಗಳಿಗೂ ಮಿಕ್ಕಿ ಒಂದು ಸಲವೂ ಮೇಲೆ ಬರದೆ ಕೆಳಗಿರುತ್ತದೆ. ಕೆಸರಿನ ಬಳಿ ಎಷ್ಟೋ ಸಲ ನೀರಿನಲ್ಲಿ ಆಮ್ಲಜನಕವೂ ಇರುವುದಿಲ್ಲ. ಹೃದಯ ಹಲವು ನಿಮಿಷಗಳಿಗೊಮ್ಮೆ ಬಡಿಯುತ್ತದೆ, ಅಷ್ಟೆ.

ಆಮ್ಲಜನಕವಿಲ್ಲದೆ ಜೀವ ನಡೆದರೆ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಓಟಗಾರನಿಗೆ ಕೆಲವೇ ನಿಮಿಷಗಳಲ್ಲಿ ಕಾಲು ಹಿಡಿಸುವಂಥ ಪರಿಸ್ಥಿತಿ ಈ ಆಮೆಗೆ ತಿಂಗಳುಗಟ್ಟಲೆ. ಅದು ಸಾಯದೆ ಉಳಿಯುವುದು ಹೇಗೆ? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಡೊನಾಲ್ಡ್ ಜ್ಯಾಕ್ಸನ್ ಮತ್ತು ಅವರ ಸಂಗಡಿಗರು ಇದನ್ನು ಬಿಡಿಸಿ ತೋರಿಸಿದ್ದಾರೆ. ಆಮೆಯ ಚಿಪ್ಪೇ ಕರಗುತ್ತದೆ. ಚಿಪ್ಪಿನಿಂದಲೂ ಮೂಳೆಗಳಿಂದಲೂ ಸುಣ್ಣದ ಅಂಶ ರಕ್ತಕ್ಕೆ ಇಳಿದು ಆಮ್ಲದ ತೀಕ್ಷ್ಣತೆಯನ್ನು ಮುರಿಯುತ್ತದೆ. ಲ್ಯಾಕ್ಟಿಕ್ ಆಮ್ಲದ ಹೆಚ್ಚುಕಡಿಮೆ ಅರ್ಧ ಭಾಗ ಹೋಗಿ ಆ ಚಿಪ್ಪು ಮೂಳೆಗಳಲ್ಲೇ ಸೇರಿಕೊಳ್ಳುತ್ತದೆ. ಹೊಟ್ಟೆ ಹುಳಿಯೆದ್ದಾಗ ನಾವು ಮಾತ್ರೆ ನುಂಗುವಂತೆ ಆಮೆ ತನ್ನ ಮನೆಯ ಗೋಡೆಯನ್ನೇ ಕರಗಿಸಿ ನುಂಗುತ್ತದೆ. ಇದೂ ಸಾಲದೆಂಬಂತೆ, ಈ ಸ್ಥಿತಿಯಲ್ಲೂ ಆಮೆ ಪೂರ್ತಿ ಮೈಮರೆತಿರುವುದಿಲ್ಲ. ಆಮ್ಲಜನಕವಿಲ್ಲದ ತಣ್ಣೀರಿನಲ್ಲಿದ್ದ ಆಮೆಗಳು ಬೆಳಕು ಬಿದ್ದಾಗ, ನೀರು ಬೆಚ್ಚಗಾದಾಗ ಕದಲುವುದನ್ನು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ವರದಿ ಮಾಡಿದರು. ಮಲಗಿದ್ದಲ್ಲಿಂದಲೇ ಒಂದು ಕಣ್ಣು ವಸಂತದ ಮೇಲಿರುತ್ತದೆ.

ಹೊರಗಿನಿಂದ ನೋಡಿದವನಿಗೆ ಕಂಡದ್ದು ಕದಲದ ಒಂದು ಕಲ್ಲು. ಒಳಗೆ ನಡೆದದ್ದು ಮೂಳೆ ಕರಗಿಸಿ ಪ್ರಾಣ ಹಿಡಿದುಕೊಳ್ಳುವ ದುಡಿಮೆ. ಅದನ್ನು ಮಂಪರು ಎನ್ನಬಹುದಾದರೂ ಪೋಲು ಎಂದು ಹೇಳಲು ನಮಗಂತೂ ನಾಲಿಗೆ ಏಳುವುದಿಲ್ಲ.

ಹಾಗೆಂದು ಆಮೆಯನ್ನು ಯೋಗಿಯನ್ನಾಗಿ ಮಾಡಬೇಕಾಗಿಲ್ಲ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನನ್ನು ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಗೆ ಹೋಲಿಸಿರುವುದನ್ನು ಎಲ್ಲರೂ ಬಲ್ಲರು. ಆ ಆಮೆ ಬೇರೆ, ಕೆಸರಿನ ಆಮೆ ಬೇರೆ. ಸ್ಥಿತಪ್ರಜ್ಞ ಇಂದ್ರಿಯಗಳನ್ನು ತಾನಾಗಿ ಹಿಂದೆಗೆದುಕೊಳ್ಳುತ್ತಾನೆ. ಕೆಸರಿನ ಆಮೆಗೆ ಬೇರೆ ದಾರಿಯಿಲ್ಲ. ವಿಧಿಯಿಲ್ಲದೆ ಸಹಿಸಿದ್ದಕ್ಕೆ ತಪಸ್ಸೆಂದು ಹೆಸರಿಡುವುದು ಸೋಮಾರಿತನವೆಂದು ಹೆಸರಿಡುವಷ್ಟೇ ಸುಲಭದ ಕೆಲಸ. ಮೂಲೆಯಲ್ಲಿ ಕುಳಿತ ತಾಯಿಯನ್ನು "ನಮ್ಮಮ್ಮ ದೇವರಂಥವರು, ಏನೂ ಕೇಳುವುದಿಲ್ಲ" ಎಂದು ಹೊಗಳುವವರಿದ್ದಾರೆ. ಆ ಹೊಗಳಿಕೆಯಿಂದ ಹೆಚ್ಚು ಅನುಕೂಲ ಯಾರಿಗೆಂದು ಯೋಚಿಸಿ ನೋಡಬಹುದು.

ನಮ್ಮ ಸೀಮೆಯಲ್ಲಿ ಈ ನಿದ್ದೆ ತಿರುವುಮುರುವು. ಅಲ್ಲಿ ಆಮೆಯನ್ನು ಮಣ್ಣಿಗಿಳಿಸುವುದು ಚಳಿಯಲ್ಲ, ಬಿಸಿಲು. ಬೇಸಗೆಯಲ್ಲಿ ಕೆರೆ ಬತ್ತಿದಾಗ, ಹಿಂಗಾಲುಗಳನ್ನು ಮುಚ್ಚಿಕೊಳ್ಳಲು ಹೊಟ್ಟೆಯ ಕೆಳಗೆ ಮಡಿಕೆಗಳಿರುವ ಮೆದುಚಿಪ್ಪಿನ ಕೆರೆಯಾಮೆ ಹೂಳಿನಾಳಕ್ಕೆ ಇಳಿದು ಮಳೆಗೆ ಕಾಯುತ್ತದೆ. ಮೇಲೆ ಹುಡುಗರು ಕೆರೆಯಂಗಳದಲ್ಲಿ ಆಟವಾಡುತ್ತಿರುತ್ತಾರೆ. ಕೆಳಗೆ ಒಂದು ಜೀವವಿದೆಯೆಂಬ ಸುಳಿವೂ ಅವರಿಗಿರುವುದಿಲ್ಲ. (ಇದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮಕ್ಕಳ ಹಟಕ್ಕೆ ಯಾರೂ ಮಣಿಯಬಾರದು.)

ಇನ್ನು ಏಳುವ ಹೊತ್ತಿನ ವಿಷಯ. ನಾವು ಬಹಳ ಕಾಲ ಯೋಚಿಸಿದ್ದು ಇದರ ಬಗ್ಗೆಯೇ. ಚಳಿದೇಶಗಳಲ್ಲಿ ತೋಟದಲ್ಲೂ ಕೊಳದಲ್ಲೂ ಆಮೆ ಸಾಕುವವರಿಗೆ ಒಂದು ಮಾತು ಗೊತ್ತು: ನಡುಚಳಿಗಾಲಕ್ಕಿಂತ ವಸಂತದ ಮೊದಲ ವಾರಗಳು ಹೆಚ್ಚು ಅಪಾಯದವು. ಎದ್ದ ಆಮೆಯ ಮೈಯಲ್ಲಿ ನೀರು ಕಡಿಮೆ, ರಕ್ತದಲ್ಲಿ ರೋಗವನ್ನೆದುರಿಸುವ ಬಿಳಿಯ ಕಣಗಳು ಕಡಿಮೆ, ಶೇಖರಿಸಿದ್ದೆಲ್ಲ ತೀರಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಬಿಸಿಲು ಬಂದು ಆಮೆಯನ್ನು ಮೇಲೆಬ್ಬಿಸುತ್ತದೆ. ಐದನೆಯ ದಿನ ಮತ್ತೆ ಹಿಮ. ಯಜಮಾನರಿಗೆ ಸಂಭ್ರಮ. ಐದು ತಿಂಗಳು ಉಪವಾಸವಿದ್ದ ಜೀವವೆಂದು ತಿನ್ನಲು ತಂದಿಡುತ್ತಾರೆ. ಮೈ ತಣ್ಣಗಿರುವ ಆಮೆಗೆ ಆಹಾರ ಜೀರ್ಣವಾಗದು. ಹೊಟ್ಟೆಯಲ್ಲೇ ಕೊಳೆತು ಪ್ರಾಣಕ್ಕೆ ಬರಬಹುದು. ತಿಳಿದವರು ಮಾಡುವುದು ಬಹಳ ಸಣ್ಣ ಕೆಲಸ. ನೆಲದಾಮೆಯಾದರೆ ಉಗುರುಬೆಚ್ಚಗಿನ ನೀರನ್ನು ಅಗಲವಾದ ತಟ್ಟೆಯಲ್ಲಿ ಗದ್ದದ ಮಟ್ಟಕ್ಕೆ ಇಟ್ಟು ಅದನ್ನು ಕೂರಿಸುತ್ತಾರೆ. ಅದು ಬೇಕಾದಷ್ಟು ಕುಡಿಯುತ್ತದೆ. ನೀರಾಮೆಯಾದರೆ ಬಿಸಿಲು ಬೀಳುವ ಕಡೆ ಒಂದು ಮರದ ದಿಮ್ಮಿಯನ್ನು ಹಾಕುತ್ತಾರೆ. ಅದರ ಮೇಲೆ ಅದು ಗಂಟೆಗಟ್ಟಲೆ ಕತ್ತು ಚಾಚಿ ಕುಳಿತು, ಚಳಿಗಾಲವಿಡೀ ಮಾಡಿದ ಆಮ್ಲದ ಸಾಲವನ್ನು ತೀರಿಸುತ್ತದೆ. ಊಟದ ಮಾತು ಆಮೇಲಿನದು. (ಜನವರಿಯ ಬಿಸಿಲಿನಲ್ಲಿ ಕಚೇರಿಯ ಹುಲ್ಲುಹಾಸಿನ ಮೇಲೆ ಕಡಲೆಕಾಯಿ ಸುಲಿಯುತ್ತ ಕೂರುವ ನಾವು ದೆಹಲಿಯ ಗುಮಾಸ್ತರು ಈ ದಿಮ್ಮಿಯ ಸುಖವನ್ನು ಚೆನ್ನಾಗಿ ಬಲ್ಲೆವು.)

ಕಾಯುವುದೇ ಧರ್ಮವೆಂದು ಇಲ್ಲಿಗೆ ನಿಲ್ಲಿಸಿಬಿಟ್ಟರೆ ಅರ್ಧ ಸತ್ಯವಾದೀತು. ನಿದ್ದೆಯೆಂದು ಬಿಟ್ಟುಬಿಟ್ಟ ಆಮೆ ರೋಗದಿಂದ ಸತ್ತಿರುವುದೂ ಉಂಟು. ಅದಕ್ಕೇ ಅನುಭವಿಗಳು ಚಳಿಗಾಲದಲ್ಲಿ ಆಗಾಗ ಅದರ ತೂಕ ನೋಡುತ್ತಾರೆ. ಇದ್ದಕ್ಕಿದ್ದಂತೆ ಇಳಿದರೆ ನಿದ್ದೆಯನ್ನು ಮುರಿಯುತ್ತಾರೆ. ಹವೆ ನಿಜವಾಗಿ ಬೆಚ್ಚಗಾಗಿ ದಿನಗಳು ಕಳೆದರೂ ಕಣ್ಣು ತೆರೆಯದಿದ್ದರೆ, ನೀರು ಮುಟ್ಟದಿದ್ದರೆ, ಅದು ನಿದ್ದೆಯಲ್ಲ. ವೈದ್ಯರ ಬಳಿಗೆ ಒಯ್ಯಬೇಕು. ಅಂದರೆ ಕೇಳಬೇಕಾದದ್ದು ಎಷ್ಟು ದಿನ ಮಲಗಿತ್ತು ಎಂದಲ್ಲ; ಬೆಚ್ಚಗಾದಾಗ ಕದಲಿತೇ ಎಂದು. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಜವಾಬ್ದಾರಿಯ ಮಾತು. ತಾಯಿಯನ್ನು ಪಾರ್ಕಿಗೆ ಅಟ್ಟುವುದು ಬೇಡ ಎಂದರೆ ಆಕೆಯನ್ನು ಮರೆತುಬಿಡಬಹುದೆಂದಲ್ಲ. ದುಃಖದಲ್ಲಿ ಮುದುಡಿದವರೂ ಕಾಯಿಲೆಯಿಂದ ಮುದುಡಿದವರೂ ದೂರಕ್ಕೆ ಒಂದೇ ಥರ ಕಾಣುತ್ತಾರೆ. ಹತ್ತಿರ ಕುಳಿತು ನೋಡಬೇಕು. ಆಮೆಗಿಲ್ಲದ ಒಂದು ಸೌಕರ್ಯ ನಮಗಿದೆ, ಆಕೆಯನ್ನೇ ಕೇಳಬಹುದು. ಏಕೆ ಕುಳಿತಿದ್ದೀಯ ಎಂದು ಕೇಳಿದರೆ ಉತ್ತರ ಬಾರದು. ಊರಿನಲ್ಲಿ ಈ ತಿಂಗಳು ಅವರೆಕಾಯಿ ಬಂದಿರುತ್ತಲ್ಲವೇನಮ್ಮಾ, ಸೊಗಡು ಹೇಗಿರುತ್ತಿತ್ತು ಎಂದು ಕೇಳಿದರೆ ಬಂದೀತು. ಬಾರದಿದ್ದರೆ ಮರುದಿನ ಇನ್ನೇನಾದರೂ ಕೇಳಬಹುದು.

ಹತ್ತಿರ ಕುಳಿತರೂ ಎಲ್ಲವೂ ತಿಳಿಯುವುದಿಲ್ಲ ಎನ್ನುವುದಕ್ಕೆ ಮತ್ತೆ ವೈಟ್ ಅವರೇ ಸಾಕ್ಷಿ. ತಮ್ಮ ತೋಟದಲ್ಲಿ 13 ವರ್ಷ ಅವರು ತಿಮೊಥಿಯನ್ನು ನೋಡಿದರು. ಎಂದು ಮಲಗಿತು, ಎಂದು ಎದ್ದಿತು, ಎಷ್ಟು ತೂಗಿತು ಎಲ್ಲ ಬರೆದಿಟ್ಟರು. ಗಂಡೆಂದೇ ತಿಳಿದಿದ್ದರು. 1793ರಲ್ಲಿ ವೈಟ್ ತೀರಿಕೊಂಡರು, ಮರುವರ್ಷ ಆಮೆ. ಅದರ ಚಿಪ್ಪು ಈಗ ಲಂಡನ್ನಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಪರೀಕ್ಷಿಸಿದ ಮೇಲೆ ತಿಳಿದದ್ದು, ತಿಮೊಥಿ ಹೆಣ್ಣೆಂದು.

ಆದರೂ ವೈಟ್ ದೊಡ್ಡವರು. ಪೋಲೆಂದು ದೂರಿದ ನಾಲ್ಕು ವರ್ಷಗಳ ಮೇಲೆ, 1784ರ ಆಗಸ್ಟಿನಲ್ಲಿ, ಅವರು ಪರಿಚಿತ ಕುಟುಂಬದ ಒಬ್ಬ ಹುಡುಗಿಗೆ ತಿಮೊಥಿಯ ಹೆಸರಿನಲ್ಲಿಯೇ ಒಂದು ಪತ್ರ ಬರೆದರು. ತಮಾಷೆಯ ಪತ್ರ. ಅದರಲ್ಲಿ ಆಮೆ ತನ್ನ ಜನ್ಮವೃತ್ತಾಂತವನ್ನು ಹೇಳಿಕೊಳ್ಳುತ್ತದೆ. ರಿಂಗ್ಮರಿನಿಂದ ತನ್ನನ್ನು ಕಿತ್ತು ತಂದದ್ದನ್ನು ದೂರುತ್ತದೆ. ತೂಕ ಹಾಕಿಸಲು ಅಂಗಡಿಗೆ ಹೊತ್ತೊಯ್ಯುವುದು, ಈಜು ಬರುತ್ತದೋ ಇಲ್ಲವೋ ನೋಡಲು ನೀರಿನ ತೊಟ್ಟಿಗೆ ಹಾಕುವುದು, ಈ ಪಾದ್ರಿಯ ಉಪದ್ರವಗಳನ್ನೆಲ್ಲ ಒಂದೊಂದಾಗಿ ಹೇಳುತ್ತದೆ. ತನ್ನ ಬುದ್ಧಿಯನ್ನು ಈ ಮನುಷ್ಯರು ಕೀಳಾಗಿ ಕಾಣುವುದು ತನ್ನ ಅಭಿಮಾನಕ್ಕೆ ಬಹಳ ನೋವು ಎನ್ನುತ್ತದೆ. ಕೊನೆಗೆ ತನ್ನ ಹೆಸರಿನಲ್ಲಿ ರುಜು ಹಾಕುತ್ತದೆ.