ನೆಪವಿಲ್ಲದ ವಿಶ್ರಾಂತಿ

ಮನೆಯ ಹೆಂಗಸು "ಗೆಳತಿಯ ಜೊತೆ ಧರ್ಮಸ್ಥಳಕ್ಕೆ ಹೋಗಿ ಬರ್ತೀನಿ" ಎಂದರೆ ಯಾರೂ ಕಾರಣ ಕೇಳುವುದಿಲ್ಲ. ಹೆಚ್ಚೆಂದರೆ ಹುಂಡಿಗೆ ಹಾಕಲು ನಾಲ್ಕು ಕಾಸು ಕೈಗಿಟ್ಟು, ಪ್ರಸಾದ ಮರೆಯಬೇಡ ಎನ್ನುತ್ತಾರೆ. ಅದೇ ಹೆಂಗಸು "ಗೆಳತಿಯ ಜೊತೆ ಎರಡು ದಿನ ಚಿಕ್ಕಮಗಳೂರಿನ ಒಂದು ರೆಸಾರ್ಟಿಗೆ ಹೋಗ್ತೀನಿ, ಸುಮ್ಮನೆ" ಎಂದರೆ ವಿಚಾರಣೆ ಶುರುವಾಗುತ್ತದೆ. ಏನು ವಿಶೇಷ? ಆಫೀಸಿನ ಕಡೆಯಿಂದಲೋ? ಮನೆಯಲ್ಲಿ ಏನಾದರೂ ಬೇಜಾರೋ? ಅಷ್ಟೊಂದು ದುಡ್ಡು ಯಾಕೆ? ಎರಡು ಪ್ರಯಾಣಗಳಲ್ಲೂ ಗೆಳತಿ ಇದ್ದಾಳೆ, ಘಟ್ಟದ ತಂಗಾಳಿ ಇದೆ, ಬೇರೆಯವರು ಬೇಯಿಸಿ ಬಡಿಸುವ ಊಟ ಇದೆ. ಒಂದಕ್ಕೆ ಪುಣ್ಯದ ಹೆಸರು, ಇನ್ನೊಂದಕ್ಕೆ ದೌಲತ್ತಿನ ಹೆಸರು. ಇದು ಬರೀ ದುಡ್ಡಿನ ಲೆಕ್ಕವಲ್ಲ. ಹರಕೆ, ಪೂಜೆ, ಸೇವೆ ಎಂದು ಇದಕ್ಕಿಂತ ಹೆಚ್ಚು ಖರ್ಚು ಮಾಡಿದವರನ್ನು ನಾವು ಮೆಚ್ಚಿಕೊಂಡೇ ಮಾತಾಡುತ್ತೇವೆ. ದಣಿದ ಜೀವಕ್ಕೆ ದಣಿವೇ ಸಾಕಾದ ಕಾರಣವೋ, ಅಥವಾ ವಿಶ್ರಾಂತಿಯನ್ನು ಬೇರೊಂದು ಪುರುಷಾರ್ಥದ ಬೆನ್ನಿಗೆ ಕಟ್ಟಿಯೇ ಸಾಗಿಸಬೇಕೋ ಎಂಬುದು ನಿಜವಾದ ಪ್ರಶ್ನೆ. ವಿಶ್ರಾಂತಿಗೆ ನೆಪ ಬೇಕಿಲ್ಲ ಎಂಬುದು ನನ್ನ ವಾದ. ಆದರೆ ಅದಕ್ಕೊಂದು ಷರತ್ತುಂಟು. ಐಷಾರಾಮಿ ಹೋಟೆಲು ಸೋಲುವುದು ಆ ಷರತ್ತಿನಲ್ಲಿ, ಅದರ ಅಮೃತಶಿಲೆಯ ನೆಲದಲ್ಲಲ್ಲ.

ನಮ್ಮ ಸಮಾಜ ಹೆಂಗಸರಿಗೆ ವಿಶ್ರಾಂತಿ ಕೊಡಲೇ ಇಲ್ಲ ಎನ್ನಲಾಗದು. ಕೊಟ್ಟಿದೆ, ಆದರೆ ಯಾವಾಗಲೂ ಬೇರೆ ಹೆಸರಿನಲ್ಲಿ. ತವರಿಗೆ ಹೋಗುವುದು, ಬಾಣಂತನ, ಜಾತ್ರೆ, ಯಾತ್ರೆ. ಮುಟ್ಟಿನ ಮೂರು ದಿನ 'ಹೊರಗೆ' ಕೂರುವುದೂ ಈ ಪಟ್ಟಿಗೇ ಸೇರಬೇಕು. ಒಲೆಯಿಂದ ಬಿಡುಗಡೆ ಸಿಗುತ್ತಿತ್ತು, ಬೆಲೆಯಾಗಿ ಅವಮಾನವನ್ನು ತೆರಬೇಕಿತ್ತು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ಐಷಾರಾಮಿ ಬಸ್ಸುಗಳನ್ನು ಬಿಟ್ಟು ಉಳಿದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ರಾಜ್ಯದೊಳಗಿನ ಪ್ರಯಾಣ ಉಚಿತವಾದಾಗ ಮೊದಲು ತುಂಬಿದ್ದು ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯದಂಥ ಊರುಗಳ ಬಸ್ಸುಗಳು. ಮನೆಯಲ್ಲಿ ಮಾಡಲು ಕೆಲಸವಿಲ್ಲವೇ ಎಂದು ಲೇವಡಿಯೂ ನಡೆಯಿತು. ಆ ಭಕ್ತಿ ಹುಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಗೆಳತಿಯ ಪಕ್ಕದಲ್ಲಿ ಕಿಟಕಿಯಾಚೆ ನೋಡುತ್ತ ಐದಾರು ಗಂಟೆ ಕೂರುವುದಕ್ಕೆ ದೇವರಷ್ಟು ಗಟ್ಟಿಯಾದ ಜಾಮೀನು ಇನ್ನಾವುದಿತ್ತು? ಲೇವಡಿಗೆ ಉತ್ತರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿದೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ. 2024ರ ಹೊತ್ತಿಗೆ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರಿಗೂ ಒಂಬತ್ತು ನಿಮಿಷ ಉಳಿದದ್ದು ಹೇಗೆ ಎಂದು ಅವರೇ ಹೇಳಬೇಕು.

ವಿಶ್ರಾಂತಿಗೆ ನೆಪ ಬೇಕಿಲ್ಲವೆಂಬ ವಾದಕ್ಕೆ ಗಟ್ಟಿಯಾದ ಆಕ್ಷೇಪ ನಮ್ಮ ನೆಲದಿಂದಲೇ ಏಳುತ್ತದೆ, ಅದೂ ಹೆಂಗಸೊಬ್ಬಳ ಬಾಯಿಂದ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದವಳು ಅವನ ಹೆಂಡತಿ, ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚಾದರೂ ಅದು ಆಸೆ ಎನ್ನುವ ಈ ಕಣ್ಣಿಗೆ, ಒಂದು ರಾತ್ರಿಯ ಬಾಡಿಗೆಯೇ ಒಬ್ಬ ಕೂಲಿಯವನ ತಿಂಗಳ ದುಡಿಮೆಯಾಗಬಲ್ಲ ಕೋಣೆ ಹೇಗೆ ಕಂಡೀತು? ಕಾಯಕವನ್ನು ಪೂಜೆಗಿಂತ ಮೇಲಿಟ್ಟ ಶರಣರ ಮುಂದೆ ಈಜುಕೊಳದ ದಡದಲ್ಲಿ ಒರಗಿಕೊಳ್ಳುವ ಕುರ್ಚಿಯನ್ನು ಸಮರ್ಥಿಸುವುದು ಸುಲಭವಲ್ಲ. ಆದರೆ ಲಕ್ಕಮ್ಮನ ಅಳತೆಗೋಲು ಇರುವುದು ಅಗತ್ಯದಲ್ಲಿ, ಕಷ್ಟದಲ್ಲಲ್ಲ. ಅವಳು ಉಪವಾಸ ಇರು ಎನ್ನಲಿಲ್ಲ, ಎಷ್ಟು ಬೇಕೋ ಅಷ್ಟು ತಾ ಎಂದಳು. ಹಾಗಾದರೆ ದಿನಕ್ಕೆ ಐದು ತಾಸು ಲೆಕ್ಕಕ್ಕೇ ಬಾರದ ಕೆಲಸ ಮಾಡುವವಳಿಗೆ ಎಷ್ಟು ವಿಶ್ರಾಂತಿ ಅಗತ್ಯ ಎಂದು ಕೇಳದೆ, ಆಕೆ ಪಡೆದ ಎರಡು ದಿನವನ್ನು ಹೆಚ್ಚುವರಿ ಅಕ್ಕಿ ಎನ್ನುವುದು ಆ ಅಳತೆಗೋಲನ್ನೇ ಅರ್ಧಕ್ಕೆ ಮುರಿದಂತೆ. ಗುಲಾಬಿ ಪಕಳೆ ತೇಲಿಸಿದ ಸ್ನಾನದ ತೊಟ್ಟಿ, ಏಳು ಬಗೆಯ ದಿಂಬಿನ ಪಟ್ಟಿ ಇಂಥವೆಲ್ಲ ಲಕ್ಕಮ್ಮನ ಜರಡಿಯಲ್ಲಿ ನಿಲ್ಲವು. ಅವನ್ನು ಉಳಿಸಿಕೊಳ್ಳಬೇಕೆಂಬ ಹಟ ನನಗೂ ಇಲ್ಲ.

ರೆಸಾರ್ಟಿನಲ್ಲಿ ನಿಜಕ್ಕೂ ಮಾರಾಟಕ್ಕಿರುವ ಸರಕು ಬಾಗಿಲ ಹಿಡಿಗೆ ನೇತುಹಾಕುವ 'ಡು ನಾಟ್ ಡಿಸ್ಟರ್ಬ್' ಎಂಬ ಅಂಗೈಯಗಲದ ರಟ್ಟು. ಅದನ್ನು ನೇತುಹಾಕಿದ ಮೇಲೆ ಯಾರೂ ಬಾಗಿಲು ತಟ್ಟುವುದಿಲ್ಲ, ಗ್ಯಾಸ್ ಆಫ್ ಆಗಿದೆಯೇ ಎಂದು ಎದ್ದು ನೋಡಬೇಕಿಲ್ಲ, ಅರ್ಧಕ್ಕೆ ನಿಂತ ಮಾತು ಅರ್ಧಕ್ಕೇ ಉಳಿಯುವುದಿಲ್ಲ. ಇಷ್ಟಕ್ಕೆ ಬಸ್‌ಸ್ಟ್ಯಾಂಡ್ ಎದುರಿನ ಸಾಧಾರಣ ಲಾಡ್ಜು ಸಾಲದೇ ಎಂದು ಕೇಳಬಹುದು. ಸಾಲಬೇಕಿತ್ತು. ಆದರೆ ಇಬ್ಬರು ಹೆಂಗಸರು ಗಂಡಸಿನ ಜೊತೆಯಿಲ್ಲದೆ ಹೋಗಿ ರೂಮು ಕೇಳಿದರೆ ಕೌಂಟರಿನಲ್ಲಿ ಕೂತವನ ಹುಬ್ಬು ಮೇಲೇರುವ ಊರುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಚಿಲಕ ಸರಿಯಾಗಿ ಬೀಳುತ್ತದೆಯೇ, ಕಿಟಕಿ ಭದ್ರವೇ ಎಂಬ ಚಿಂತೆ ಬೇರೆ. ಪ್ರಶ್ನೆ ಕೇಳದ ಕೌಂಟರು, ಭದ್ರವಾದ ಚಿಲಕ, ಚೊಕ್ಕ ಬಚ್ಚಲು ಐಷಾರಾಮವಲ್ಲ. ಕನಿಷ್ಠ ಸೌಕರ್ಯವನ್ನು ದುಬಾರಿಯ ಬೇಲಿಯೊಳಗೆ ಇಟ್ಟಿರುವುದು ನಮ್ಮ ಊರುಗಳ ತಪ್ಪು. ಬೇಲಿಯೊಳಗೆ ಹೋದವರನ್ನು ಜರಿಯುವ ಮೊದಲು ಬೇಲಿಯ ಹೊರಗೆ ಏನಿದೆ ಎಂದು ನೋಡುವುದು ನ್ಯಾಯ.

ಇನ್ನು ಗೆಳೆತನದ ಮಾತು. ಸ್ನೇಹಕ್ಕೆ ಹೋಟೆಲು ಯಾಕೆ, ಮನೆಯ ಜಗಲಿ ಸಾಕಲ್ಲ ಎನ್ನುವವರಿಗೆ ಅರಿಸ್ಟಾಟಲ್ ಒಂದು ಮಟ್ಟಿಗೆ ಉತ್ತರ ಕೊಡುತ್ತಾನೆ. ನೀತಿಶಾಸ್ತ್ರದ ಗ್ರಂಥದಲ್ಲಿ ಎರಡು ಭಾಗಗಳನ್ನು ಪೂರ್ತಿ ಸ್ನೇಹಕ್ಕೇ ಮೀಸಲಿಟ್ಟ ಅವನ ಪ್ರಕಾರ, ಮಾತುಕತೆ ನಿಂತು ಹೋದದ್ದರಿಂದಲೇ ಎಷ್ಟೋ ಸ್ನೇಹಗಳು ಸತ್ತಿವೆ. ದನಗಳು ಒಟ್ಟಿಗೆ ಮೇಯುವುದಕ್ಕೂ ಮನುಷ್ಯರು ಒಟ್ಟಿಗೆ ಬಾಳುವುದಕ್ಕೂ ಇರುವ ವ್ಯತ್ಯಾಸವೇ ಮಾತು ಮತ್ತು ಆಲೋಚನೆಯ ಹಂಚಿಕೆ. ಆದರೆ ನನಗೆ ಇವನಿಗಿಂತ ಹತ್ತಿರವಾಗುವುದು ಬೌದ್ಧ ಗ್ರಂಥವಾದ ಮಜ್ಝಿಮ ನಿಕಾಯದ ಚೂಳಗೋಸಿಂಗ ಸುತ್ತ. ಗೋಸಿಂಗವೆಂಬ ಸಾಲವನದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳು ಇದ್ದರು. ಹಾಲು ನೀರು ಬೆರೆತಂತೆ ಇದ್ದೀರಾ ಎಂದು ಕೇಳಿದ ಬುದ್ಧ, ಮುಂದೆ ಎಚ್ಚರದಿಂದ ಬಾಳುತ್ತಿದ್ದೀರಾ ಎಂದೂ ಕೇಳಿದಾಗ ಅನುರುದ್ಧ ಕೊಟ್ಟ ಉತ್ತರ ತತ್ವದ್ದಲ್ಲ, ದಿನಚರಿಯದು. ಭಿಕ್ಷೆಯಿಂದ ಮೊದಲು ಮರಳಿದವನು ಆಸನ ಹಾಸಿ, ಕುಡಿಯುವ ನೀರು, ಕಾಲು ತೊಳೆಯುವ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದನ್ನು ಉಂಡು, ಎಲ್ಲ ಎತ್ತಿಟ್ಟು, ಗುಡಿಸುತ್ತಾನೆ. ನೀರಿನ ಗಡಿಗೆ ಖಾಲಿಯಾಗಿರುವುದನ್ನು ಯಾರು ಕಂಡರೂ ತುಂಬಿಸುತ್ತಾರೆ. ಒಬ್ಬನ ಕೈಲಾಗದಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆದು, ಮೌನ ಮುರಿಯದೆ ಇಬ್ಬರೂ ಸೇರಿ ಎತ್ತುತ್ತಾರೆ. ಐದು ದಿನಕ್ಕೊಮ್ಮೆ ಮಾತ್ರ ಇಡೀ ರಾತ್ರಿ ಕೂತು ಧರ್ಮದ ಮಾತಾಡುತ್ತಾರೆ.

ಇದನ್ನೇ ನನ್ನ ವಿರುದ್ಧ ತಿರುಗಿಸಬಹುದು: ಭಿಕ್ಷುಗಳ ಸ್ನೇಹ ನಿಂತದ್ದೇ ಗಡಿಗೆ ಎತ್ತುವುದರ ಮೇಲೆ, ಗಡಿಗೆಯೇ ಇಲ್ಲದ ರೆಸಾರ್ಟಿನಲ್ಲಿ ಸ್ನೇಹಕ್ಕೆ ಹಿಡಿಯಲು ಏನಿದೆ? ಮಾತು ನಿಜ. ಎಲ್ಲವೂ ತಾನಾಗಿ ಬಂದು ಕೂರುವ ಜಾಗದಲ್ಲಿ ಒಬ್ಬರಿಗೊಬ್ಬರು ಮಾಡಿಕೊಡಲು ಏನೂ ಉಳಿಯುವುದಿಲ್ಲ. ಆದರೆ ಮೂವರು ಭಿಕ್ಷುಗಳ ನಡುವೆ ಗಡಿಗೆ ಸಮನಾಗಿ ಹಂಚಿಹೋಗಿತ್ತು. ಗೃಹಿಣಿಯ ಗಡಿಗೆಗೆ ಕೈಸನ್ನೆ ಮಾಡಿದರೆ ಬರುವವರು ಯಾರು? ಜೀವಮಾನವಿಡೀ ಒಬ್ಬಳೇ ಎತ್ತಿದವಳಿಗೆ, ಎರಡು ದಿನ ಎತ್ತದೇ ಇರುವುದರಲ್ಲೂ ಸ್ನೇಹ ಬೆಳೆಯಲು ಜಾಗವುಂಟು. ಮುಖ್ಯವಾಗಿ, ಆ ವನದ ಪಾಠ ಮಾತಿಗಿಂತ ಮೌನದ್ದು. ಎದುರಿಗಿರುವವಳನ್ನು ಸತ್ಕರಿಸಬೇಕೆಂಬ ಒತ್ತಡವಿಲ್ಲದೆ, ಕಾಫಿಗಿಡ್ಲಾ ಎಂದು ಎದ್ದೇಳದೆ, ಇಬ್ಬರೂ ಸುಮ್ಮನಿರಬಲ್ಲ ಸ್ಥಿತಿ ಯಾರ ಮನೆಯಲ್ಲೂ ಸಿಗದು. ಅಲ್ಲಿ ಒಬ್ಬರು ಅತಿಥಿ, ಇನ್ನೊಬ್ಬರು ಆತಿಥೇಯರು. ಹೋಟೆಲಿನಲ್ಲಿ ಇಬ್ಬರೂ ಅತಿಥಿಗಳೇ.

ಆತಿಥೇಯರು ಅಲ್ಲಿಲ್ಲವೆಂದಲ್ಲ, ಕಣ್ಣಿಗೆ ಬೀಳಬಾರದೆಂಬ ಏರ್ಪಾಡು ಅಷ್ಟೆ. ಅತಿಥಿಗಳು ತಿಂಡಿಗೆಂದು ಕೆಳಗಿಳಿದ ಹೊತ್ತಿನಲ್ಲಿ ಹೌಸ್‌ಕೀಪಿಂಗಿನ ಹೆಂಗಸು ಟ್ರಾಲಿ ತಳ್ಳಿಕೊಂಡು ಒಳಗೆ ಬರುತ್ತಾಳೆ. ಹಾಸಿಗೆಯ ಬಿಳಿ ಬಟ್ಟೆ ಎಳೆದು, ಮೂಲೆಯನ್ನು ಓರೆಯಾಗಿ ಮಡಚಿ, ಭಾರದ ಹಾಸಿಗೆಯನ್ನು ಮೊಣಕಾಲಿನಿಂದ ತುಸು ಎತ್ತಿ ಅಡಿಗೆ ಸಿಕ್ಕಿಸುತ್ತಾಳೆ. ಬಚ್ಚಲ ಕನ್ನಡಿಯ ಮೇಲಿನ ನೀರಿನ ಕಲೆ ಒರೆಸುತ್ತಾಳೆ. ಅಲ್ಲಿಗೆ ಬಂದ ಅನೇಕ ಹೆಂಗಸರು ತಿಂಡಿಗೆ ಹೋಗುವ ಮುನ್ನ ತಾವೇ ಹೊದಿಕೆ ಮಡಚಿಟ್ಟು ಹೋಗುವುದುಂಟು. ಅಭ್ಯಾಸಬಲ ಎಂದು ನಗಬಹುದು, ಆದರೆ ಅದರಲ್ಲಿ ನೈತಿಕ ಅರಿವೊಂದಿದೆ: ನನ್ನ ವಿರಾಮ ಇನ್ನೊಬ್ಬಳ ಬೆನ್ನಿನ ಮೇಲೆ ನಿಂತಿದೆ. ನಾನು ಮೊದಲಿಗೆ ಹೇಳಿದ ಷರತ್ತು ಇಲ್ಲಿದೆ: ಆ ವಿರಾಮ ಆಕೆಗೂ ಸಿಗಬೇಕು. ಯೆಹೂದ್ಯರ ಸಬ್ಬತ್ ದಿನದ ಆಜ್ಞೆ ಮನೆಯ ಯಜಮಾನನಿಗೆ ಮಾತ್ರ ಹೇಳಿದ್ದಲ್ಲ. ದಾಸ, ದಾಸಿ, ಎತ್ತು, ಊರಿಗೆ ಬಂದ ಪರದೇಶಿ ಎಲ್ಲರೂ ಅದರೊಳಗಿದ್ದಾರೆ. ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ ಎಂಬುದನ್ನು ಬೈಬಲಿನ ಧರ್ಮೋಪದೇಶಕಾಂಡ ಅದಕ್ಕೆ ಕಾರಣವಾಗಿ ಕೊಡುತ್ತದೆ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎರಡೂ ಕಡೆ ವಿಶ್ರಾಂತಿ ದುಡಿಮೆಗೆ ಸಿಕ್ಕ ಬಹುಮಾನವಲ್ಲ, ಜೀವವಿರುವುದಕ್ಕೆ ಸಲ್ಲುವ ಹಕ್ಕು. ಆದ್ದರಿಂದಲೇ ಅದನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನಲಾಗದು. (ಎತ್ತಿಗೆ ಸೋಮವಾರ ಕೊಟ್ಟ ಮನೆಯಲ್ಲಿ ಅಂದು ಒಲೆಯ ಮುಂದಿನವಳಿಗೂ ಬಿಡುವಿತ್ತೇ ಎಂದು ಯಾರೂ ಕೇಳಿದಂತಿಲ್ಲ.) ವಿರಾಮವನ್ನು ಅಷ್ಟು ಮೇಲಕ್ಕಿಟ್ಟ ಅರಿಸ್ಟಾಟಲ್ ಎಡವಿದ್ದೂ ಇಲ್ಲೇ, ಅವನ ನಾಗರಿಕನ ಬಿಡುವಿನ ಕೆಳಗೆ ಗುಲಾಮರ ದುಡಿಮೆಯಿತ್ತು, ಅದನ್ನು ಅವನು ಸಹಜವೆಂದೇ ವಾದಿಸಿದ.

ಅತಿಥಿಗಳು ಬಾರದಿದ್ದರೆ ಟ್ರಾಲಿ ತಳ್ಳುವವಳಿಗೆ ಸಂಬಳವೇ ಇಲ್ಲವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ರೂಮು ರದ್ದುಮಾಡಿ ಮನೆಯಲ್ಲಿ ಕೂತರೆ ಆಕೆಗೆ ಉಪಕಾರವೇನೂ ಆಗದು. ಆದರೆ ಬಿಲ್ಲು ಕಟ್ಟಿ, ಟಿಪ್ಸ್ ಇಟ್ಟರೆ ಲೆಕ್ಕ ಚುಕ್ತಾ ಆಯಿತೆನ್ನುವುದೂ ತಪ್ಪು. ಆಕೆ ಕೊಟ್ಟದ್ದು ಸಮಯವನ್ನು, ಮರಳಿ ಪಡೆದದ್ದು ಹಣವನ್ನು ಮಾತ್ರ. ಸಮಯವನ್ನು ಮರಳಿಸುವ ಕೆಲಸಕ್ಕೆ ಕಾನೂನು ಕೈಹಾಕಿದೆ: ವಾರಕ್ಕೊಂದು ದಿನ ಬಿಡುವು ಕೊಡಲೇಬೇಕೆನ್ನುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ತಾವು ಉಳಿದುಕೊಂಡ ಜಾಗದಲ್ಲಿ ಆ ರಜೆ ನಿಜಕ್ಕೂ ಸಿಗುತ್ತಿದೆಯೇ ಎಂದು ಅತಿಥಿಗಳು ಕೇಳುವುದು ಸ್ಪಾದ ದರಪಟ್ಟಿ ಕೇಳುವಷ್ಟು ಸಹಜವಾಗಬೇಕು. ರಜೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆ ದಿನ ಆಕೆಗಾಗಿ ಕಾದಿರುವುದು ಗುಡ್ಡೆಬಿದ್ದ ಬಟ್ಟೆ, ಸಮೀಕ್ಷೆ ಎಣಿಸಿದ ಅದೇ 289 ನಿಮಿಷ. ಗೆಳತಿಯೊಬ್ಬಳ ಜೊತೆ ಸುಮ್ಮನೆ ಬಸ್ಸು ಹತ್ತಬೇಕೆಂದರೆ ಆಕೆಯೂ ಹರಕೆಯ ಹೆಸರು ಹೇಳಿಯೇ ಹೊರಡಬೇಕು. ಅಂದು ಆಕೆಯ ಗಂಡ ಅನ್ನಕ್ಕಿಡಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ರೆಸಾರ್ಟಿನ ಅತಿಥಿಯ ಗಂಡನಿಗೂ ಹೇಳುವುದಿಲ್ಲ.