ಒಂದು ಗುದ್ದಿನಿಂದ ಮನುಷ್ಯನಾದವನು

ಮೇಯರ್ ಚುನಾವಣೆಗೆ ಒಬ್ಬ ಸರ್ಕಾರಿ ವಕೀಲ ನಿಂತಿದ್ದಾನೆ. ಹೆಸರು ಸ್ಟೀಫನ್ ಬೈಯರ್ಲಿ. ನಿರಪರಾಧಿಯ ಮೇಲೆ ಮೊಕದ್ದಮೆ ಹೂಡಿದವನಲ್ಲ, ಯಾರಿಗೂ ಮರಣದಂಡನೆ ಕೇಳಿದವನಲ್ಲ. ಎದುರು ಪಾಳಯದ ರಾಜಕಾರಣಿ ಫ್ರಾನ್ಸಿಸ್ ಕ್ವಿನ್ ಅವನ ಪೂರ್ವಾಪರವನ್ನೆಲ್ಲ ಜಾಲಾಡಿದರೂ ಕಳಂಕ ಸಿಗುವುದಿಲ್ಲ. ಸಿಕ್ಕಿದ್ದು ಒಂದು ವಿಚಿತ್ರ ಸಂಗತಿ ಮಾತ್ರ: ಈ ಮನುಷ್ಯ ಉಂಡದ್ದನ್ನು, ಕುಡಿದದ್ದನ್ನು, ಮಲಗಿದ್ದನ್ನು ಕಂಡವರೇ ಇಲ್ಲ. ಅದನ್ನೇ ಹಿಡಿದು ಕ್ವಿನ್ ಗುಲ್ಲೆಬ್ಬಿಸುತ್ತಾನೆ. ಬೈಯರ್ಲಿ ಮನುಷ್ಯನೇ ಅಲ್ಲವಂತೆ, ಮನುಷ್ಯರೂಪದ ರೋಬೋ ಅಂತೆ!

ಇದು ಐಸಾಕ್ ಅಸಿಮೋವ್ 1946ರಲ್ಲಿ ಪ್ರಕಟಿಸಿದ ‘ಎವಿಡೆನ್ಸ್’ ಕಥೆ. 1950ರಲ್ಲಿ ‘ಐ, ರೋಬೋಟ್’ ಸಂಕಲನಕ್ಕೆ ಸೇರಿತು. ಕಥೆಯ ಲೋಕದಲ್ಲಿ ಪ್ರತಿ ರೋಬೋದ ಮಿದುಳಿನಲ್ಲೂ ಮೂರು ನಿಯಮಗಳನ್ನು ಕೂರಿಸಿರುತ್ತಾರೆ. ಮನುಷ್ಯನಿಗೆ ಹಾನಿ ಮಾಡಬಾರದು, ಹಾನಿಯಾಗುವಾಗ ಸುಮ್ಮನಿರಲೂ ಬಾರದು. ಇದಕ್ಕೆ ಧಕ್ಕೆಯಾಗದಂತೆ ಮನುಷ್ಯನ ಆಜ್ಞೆ ಪಾಲಿಸಬೇಕು. ಇವೆರಡಕ್ಕೂ ಅಡ್ಡಿಯಾಗದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಪತ್ತೇದಾರಿಯಂತೆ ಓದಿಸಿಕೊಳ್ಳುವ ಈ ಕಥೆಯ ಒಳಗೆ ನೀತಿಶಾಸ್ತ್ರದ ಒಂದು ದೊಡ್ಡ ಪರಿಕಲ್ಪನೆ ಅಡಗಿದೆ: ಸ್ವಾಯತ್ತತೆ. ಅಂದರೆ, ನಡೆಯಬೇಕಾದ ನಿಯಮವನ್ನು ಹೊರಗಿನವರಿಂದ ಹೇರಿಸಿಕೊಳ್ಳದೆ ತನಗೆ ತಾನೇ ವಿಧಿಸಿಕೊಳ್ಳುವ ಶಕ್ತಿ.

ಮೊದಲು ಕಥೆಯ ತರ್ಕವನ್ನು ನೋಡೋಣ. ಬೈಯರ್ಲಿಯನ್ನು ಪರೀಕ್ಷಿಸಲು ಬಂದ ರೋಬೋ ಮನಃಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ತನ್ನ ಚೀಲದಿಂದ ಸೇಬು ತೆಗೆದು ಕೊಡುತ್ತಾಳೆ. ಅವನು ಕಚ್ಚಿ ತಿನ್ನುತ್ತಾನೆ. ಆದರೆ ಅಷ್ಟು ಚೆನ್ನಾಗಿ ಮನುಷ್ಯನನ್ನು ಹೋಲುವ ಯಂತ್ರ ಮಾಡಿದವರಿಗೆ ಒಂದು ಹುಸಿ ಹೊಟ್ಟೆ ಇಡುವುದು ಕಷ್ಟವೇ? ಮೈಯನ್ನು ಶೋಧಿಸೋಣವೆಂದರೆ ಬೈಯರ್ಲಿ ವಕೀಲ, ತನ್ನ ಹಕ್ಕು ಬಲ್ಲವನು. ವಾರಂಟ್ ಇರುವುದು ಮನೆಗೆ, ತನ್ನ ಮೈಗಲ್ಲ ಎಂದು ವಾದಿಸಿ ತಪ್ಪಿಸಿಕೊಳ್ಳುತ್ತಾನೆ. ಉಳಿಯುವುದು ಅವನ ನಡತೆಯೊಂದೇ. ಅಲ್ಲಿ ಕ್ಯಾಲ್ವಿನ್ ಒಂದು ತೊಡಕನ್ನು ತೋರಿಸುತ್ತಾಳೆ. ಪರರಿಗೆ ಕೇಡು ಬಯಸದಿರುವುದು, ಯೋಗ್ಯ ಅಧಿಕಾರಕ್ಕೆ ತಲೆಬಾಗುವುದು, ಜೀವ ಉಳಿಸಿಕೊಳ್ಳುವುದು, ಇವು ಸಜ್ಜನರೂ ಪಾಲಿಸುವ ನಿಯಮಗಳೇ. ಹಾಗಾಗಿ ಮೂರನ್ನೂ ತಪ್ಪದೆ ಪಾಲಿಸುವವನು ರೋಬೋ ಆಗಿರಬಹುದು, ತುಂಬಾ ಒಳ್ಳೆಯ ಮನುಷ್ಯನೂ ಆಗಿರಬಹುದು. ಒಂದನ್ನು ಮುರಿದರೆ ಮಾತ್ರ ರೋಬೋ ಅಲ್ಲವೆಂದು ಖಚಿತವಾಗುತ್ತದೆ.

ಈ ತರ್ಕದ ವ್ಯಂಗ್ಯ ಗಮನಿಸಿ. ಒಳ್ಳೆಯವನಾಗಿದ್ದಷ್ಟು ಕಾಲ ಬೈಯರ್ಲಿಯ ಮೇಲಿನ ಸಂಶಯ ಹೋಗದು. ಮನುಷ್ಯನೆಂದು ಸಾಬೀತುಮಾಡಲು ಅವನು ಯಾರಿಗಾದರೂ ಕೇಡು ಮಾಡಲೇಬೇಕು. ಅವನು ಮಾಡುವುದೂ ಅದನ್ನೇ. ಬಹಿರಂಗ ಸಭೆಯಲ್ಲಿ ಒಬ್ಬ ತಂಟೆಕೋರ ‘ತಾಕತ್ತಿದ್ದರೆ ನನ್ನನ್ನು ಹೊಡಿ’ ಎಂದು ಸವಾಲು ಹಾಕುತ್ತಾನೆ. ಬೈಯರ್ಲಿ ಅವನ ಗದ್ದಕ್ಕೆ ಒಂದು ಗುದ್ದು ಕೊಡುತ್ತಾನೆ, ಅವನು ಅಲ್ಲೇ ಬೀಳುತ್ತಾನೆ. ಚುನಾವಣೆ ಆ ಗುದ್ದಿನಲ್ಲೇ ತೀರ್ಮಾನವಾಗುತ್ತದೆ.

ತಪ್ಪು ಮಾಡುವ ಸಾಮರ್ಥ್ಯವೇ ಮನುಷ್ಯತ್ವದ ಗುರುತು ಎಂಬ ಈ ಭಾವನೆಗೆ ತತ್ತ್ವಶಾಸ್ತ್ರದಲ್ಲಿ ಗಟ್ಟಿ ಹಿನ್ನೆಲೆಯಿದೆ. ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಶಾಸ್ತ್ರದ ಗ್ರಂಥವೊಂದರಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ವ್ಯಾಪಾರ ತಿಳಿಯದ ಗಿರಾಕಿಗೂ, ಚಿಕ್ಕ ಮಗುವಿಗೂ ಅವನು ಒಂದೇ ದರ ಹೇಳುತ್ತಾನೆ. ನಡತೆಯೇನೋ ಸರಿ. ಆದರೆ ‘ಮೋಸ ಮಾಡಬಾರದು’ ಎಂಬ ಅರಿವಿನಿಂದ ಹಾಗೆ ಮಾಡಿದನೋ, ಹೆಸರು ಕೆಟ್ಟರೆ ವ್ಯಾಪಾರ ಕೆಡುತ್ತದೆ ಎಂಬ ಲೆಕ್ಕಾಚಾರದಿಂದಲೋ? ಕರ್ತವ್ಯಕ್ಕೆ ಹೊಂದುವಂತೆ ನಡೆಯುವುದು ಒಂದು, ಕರ್ತವ್ಯವೆಂದೇ ನಡೆಯುವುದು ಇನ್ನೊಂದು. ನೈತಿಕ ಬೆಲೆ ಎರಡನೆಯದಕ್ಕೆ ಮಾತ್ರ ಎನ್ನುವುದು ಕಾಂಟ್‌ನ ನಿಲುವು.

ಮೂರು ವರ್ಷಗಳ ನಂತರ ಇನ್ನೊಂದು ಗ್ರಂಥದಲ್ಲಿ ಅವನು ಯಂತ್ರಪುರುಷನ ಮಾತನ್ನೇ ಎತ್ತುತ್ತಾನೆ. ಆ ಶತಮಾನದಲ್ಲಿ ಫ್ರಾನ್ಸಿನ ವೋಕಾನ್ಸನ್ ಎಂಬಾತ ಕೊಳಲು ನುಡಿಸುವ ಯಂತ್ರದ ಗೊಂಬೆ ಮಾಡಿ ಹೆಸರಾಗಿದ್ದ. ನಮ್ಮ ಪ್ರತಿಯೊಂದು ನಡೆಯೂ ಹಿಂದಿನ ಕಾರಣಗಳ ಸರಪಳಿಯಿಂದಲೇ ನಿರ್ಧಾರವಾಗುವುದಾದರೆ, ಮನುಷ್ಯನೂ ವೋಕಾನ್ಸನ್ ಗೊಂಬೆಯಂತೆ ಯಾರೋ ಕೀಲಿ ಕೊಟ್ಟು ಬಿಟ್ಟ ಯಂತ್ರವೇ ಆಗುತ್ತಾನೆ. ಆ ಗೊಂಬೆಗೆ ಯೋಚನೆ ಬರಬಹುದು, ತಾನು ಸ್ವತಂತ್ರ ಎಂದೂ ಅದಕ್ಕೆ ಅನಿಸಬಹುದು, ಆದರೆ ಆ ಅನಿಸಿಕೆ ಬರೀ ಭ್ರಮೆ ಎನ್ನುತ್ತಾನೆ ಕಾಂಟ್. ಬೈಯರ್ಲಿ ನಿಜಕ್ಕೂ ರೋಬೋ ಆಗಿದ್ದರೆ, ಈ ಅಳತೆಗೋಲಿನಲ್ಲಿ ಅವನ ಒಳ್ಳೆಯತನಕ್ಕೆ ಬೆಲೆಯಿಲ್ಲ. ಅದು ಅವನಿಗೆ ಹಾಕಿಕೊಟ್ಟ ಕಟ್ಟು, ಅಷ್ಟೆ.

ಆದರೆ ‘ಬೇರೆ ರೀತಿ ಮಾಡಲಾಗದವನಿಗೆ ಹೊಣೆಯೂ ಇಲ್ಲ, ಹೊಗಳಿಕೆಯೂ ಇಲ್ಲ’ ಎಂಬ ಮಾತು ಕಾಣುವಷ್ಟು ಸರಳವಲ್ಲ. ಅಮೆರಿಕದ ಹ್ಯಾರಿ ಫ್ರಾಂಕ್‌ಫರ್ಟ್ 1969ರ ಲೇಖನವೊಂದರಲ್ಲಿ ಇದನ್ನೇ ಪ್ರಶ್ನಿಸಿದರು. ಜೋನ್ಸ್ ಒಂದು ಕೆಲಸ ಮಾಡಬೇಕೆಂದು ಬ್ಲ್ಯಾಕ್ ಎಂಬುವನ ಆಸೆ. ಜೋನ್ಸ್ ಮನಸ್ಸು ಬದಲಿಸುವ ಸೂಚನೆ ಕಂಡರೆ ಅವನ ತಲೆಯೊಳಗೇ ಕೈಯಾಡಿಸಿ ಆ ಕೆಲಸ ಮಾಡಿಸಲು ಬ್ಲ್ಯಾಕ್ ಸಜ್ಜಾಗಿದ್ದಾನೆ. ಆದರೆ ಜೋನ್ಸ್ ತಾನಾಗಿಯೇ ನಿರ್ಧರಿಸಿ ಅದನ್ನೇ ಮಾಡುತ್ತಾನೆ. ಬ್ಲ್ಯಾಕ್ ಬೆರಳನ್ನೂ ಎತ್ತಬೇಕಾಗುವುದಿಲ್ಲ. ಜೋನ್ಸ್‌ಗೆ ಬೇರೆ ದಾರಿ ಇರಲಿಲ್ಲ, ನಿಜ. ಆದರೂ ಕೆಲಸ ಅವನದೇ, ಹೊಣೆಯೂ ಅವನದೇ. ಬೇರೆ ದಾರಿ ಇತ್ತೇ ಎಂಬುದಕ್ಕಿಂತ, ನಡೆದ ದಾರಿಯನ್ನು ಅವನು ತನ್ನ ಕಾರಣಕ್ಕಾಗಿ ಹಿಡಿದನೇ ಎಂಬುದು ಮುಖ್ಯ.

ಹೀಗೆ ನೋಡಿದರೆ ಬೈಯರ್ಲಿಯ ಲೆಕ್ಕ ಬದಲಾಗುತ್ತದೆ. ಅವನ ನಿಯಮಗಳನ್ನು ಬೇರೆಯವರು ಕೂರಿಸಿದ್ದು ನಿಜವಿರಬಹುದು. ನಮ್ಮ ಅಂತಃಸಾಕ್ಷಿಯನ್ನಾದರೂ ಕೂರಿಸಿದವರು ಯಾರು? ತಾಯಿ ತಂದೆ, ಮೇಷ್ಟರು, ಓಣಿಯ ಹಿರಿಯರು. ನಿಯಮ ಎಲ್ಲಿಂದ ಬಂತು ಎನ್ನುವುದರಿಂದಲೇ ಸ್ವಾಯತ್ತತೆ ತೀರ್ಮಾನವಾಗುವುದಿಲ್ಲ. ಬಂದದ್ದನ್ನು ಕೈಯಲ್ಲಿ ಹಿಡಿದು ತೂಗಿ, ‘ಇದು ಏಕೆ ಸರಿ?’ ಎಂದು ಕೇಳಿ, ಒಪ್ಪಬಲ್ಲೆವೇ ಎನ್ನುವುದೇ ಪ್ರಶ್ನೆ. ಅಪರಾಧಿಗೆ ಶಿಕ್ಷೆ ಕೊಡಿಸುವುದೂ ಒಬ್ಬ ಮನುಷ್ಯನಿಗೆ ಮಾಡುವ ಹಾನಿಯೇ. ಹತ್ತು ಜನರ ರಕ್ಷಣೆಗೆ ಅದು ಬೇಕೆಂದು ಒಪ್ಪುವವನು, ಅದೇ ಹೊತ್ತಿಗೆ ಮರಣದಂಡನೆ ರದ್ದಾಗಬೇಕೆನ್ನುವವನು ನಿಯಮಕ್ಕೆ ಅರ್ಥ ಹಚ್ಚುತ್ತಿದ್ದಾನೆ. ಕೀಲಿ ಕೊಟ್ಟ ಗೊಂಬೆಗೆ ಅದು ಸಾಧ್ಯವಿಲ್ಲ.

ಹಾಗಾದರೆ ರೋಬೋ ಆದರೇನು, ಇಂಥವನೇ ಮೇಯರ್ ಆಗಲಿ ಎನ್ನೋಣವೇ? ಕ್ಯಾಲ್ವಿನ್‌ಳ ಉತ್ತರ ಹೌದು. ಮನುಷ್ಯನಿಗೆ ಕೇಡು ಮಾಡಲಾಗದ, ಲಂಚಕ್ಕೆ ಬಗ್ಗದ, ಪೂರ್ವಗ್ರಹವಿಲ್ಲದ ಆಡಳಿತಗಾರ ಬೇರೆಲ್ಲಿ ಸಿಕ್ಕಾನು? ಆದರೆ ಚುನಾವಣೆ ಮುಗಿದ ಮೇಲೆ ಅವಳೇ ಬೈಯರ್ಲಿಯ ಮುಂದೆ ಒಂದು ಊಹೆ ಇಡುತ್ತಾಳೆ: ರೋಬೋ ಮನುಷ್ಯನನ್ನು ಹೊಡೆಯಲಾರದು, ಆದರೆ ಪೆಟ್ಟು ತಿಂದವನೂ ರೋಬೋ ಆಗಿದ್ದರೆ? ‘ಬೈಯರ್ಲಿ ಯಾರನ್ನೂ ಹೊಡೆಯಲಾರ’ ಎಂಬ ಗಾಳಿಮಾತನ್ನು ತೇಲಿಬಿಟ್ಟವರು ತನ್ನ ಕಡೆಯವರೇ ಎಂದು ಅವನೂ ಒಪ್ಪಿಕೊಳ್ಳುತ್ತಾನೆ. ಕ್ವಿನ್ ತೋಡಿದ ಹಳ್ಳವನ್ನು ಅವನು ಇನ್ನಷ್ಟು ಆಳ ಮಾಡಿ, ಜನರ ಕಣ್ಣೆಲ್ಲ ಒಂದೇ ಕಡೆ ನೆಡುವಂತೆ ಮಾಡಿ, ಒಂದೇ ಗುದ್ದಿನಲ್ಲಿ ದಾಟಿದ್ದ. ಕಥೆಯ ನಿಜವಾದ ತಂತ್ರಗಾರ ಕ್ವಿನ್ ಅಲ್ಲ, ಬೈಯರ್ಲಿ.

ಇಲ್ಲೊಂದು ಅಂಶ ಕಣ್ಣು ತಪ್ಪಿಸಿಕೊಳ್ಳುತ್ತದೆ. ಮೂರು ನಿಯಮಗಳಲ್ಲಿ ಎಲ್ಲಿಯೂ ‘ಮೋಸ ಮಾಡಬಾರದು’ ಎಂದಿಲ್ಲ. ಗಾಯ ಮಾಡಬಾರದು, ಅಷ್ಟೆ. ಒಳ್ಳೆಯದಕ್ಕಾಗಿ ಕಣ್ಣಿಗೆ ಮಣ್ಣೆರಚಲು ಅಡ್ಡಿಯೇನಿಲ್ಲ. ಕಾಂಟ್‌ನ ಇನ್ನೊಂದು ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಯಾರನ್ನೂ ಬರೀ ಸಾಧನವಾಗಿ ಬಳಸಬಾರದು, ಪ್ರತಿಯೊಬ್ಬರನ್ನೂ ಸ್ವತಃ ಗುರಿಯಾಗಿ ಕಾಣಬೇಕು. ಮೋಸಹೋದವನ ಒಪ್ಪಿಗೆ ಒಪ್ಪಿಗೆಯಲ್ಲ, ಏಕೆಂದರೆ ತಾನು ಯಾವುದಕ್ಕೆ ತಲೆಯಾಡಿಸಿದೆ ಎನ್ನುವುದೇ ಅವನಿಗೆ ತಿಳಿದಿಲ್ಲ. ಕ್ಯಾಲ್ವಿನ್‌ಳ ಊಹೆ ಸರಿಯಾದರೆ, ಆ ಊರಿನ ಮತದಾರರು ಬೈಯರ್ಲಿ ಕೊಟ್ಟ ಕೀಲಿಗೆ ಕುಣಿದರು. ಇಷ್ಟು ಹೊತ್ತು ನಾವು ರೋಬೋಗೆ ಸ್ವಾಯತ್ತತೆ ಇದೆಯೇ ಎಂದು ಕೇಳುತ್ತಿದ್ದೆವು. ಕಳೆದುಹೋದದ್ದು ಜನರ ಸ್ವಾಯತ್ತತೆ.

ಬೈಯರ್ಲಿಯ ಪರವಾಗಿ ಒಂದು ಬಲವಾದ ವಾದವಿದೆ. ಅಲ್ಲಿಯ ಕಾನೂನು, ಅಲ್ಲಿಯ ಜನ ಎರಡೂ ರೋಬೋ ಎಂದರೆ ಸಿಡಿಮಿಡಿಗೊಳ್ಳುವ ಲೋಕದಲ್ಲಿ ನಿಜ ಹೇಳಿ ಗೆಲ್ಲುವುದು ಹೇಗೆ? ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಸಿಗಲೆಂದು ಜಾತಿ ಮುಚ್ಚಿಡುವವರಿದ್ದಾರೆ. ಅವರನ್ನು ಯಾರೂ ವಂಚಕರೆನ್ನುವುದಿಲ್ಲ, ಎನ್ನಲೂಬಾರದು. ಆ ಪ್ರಶ್ನೆ ಕೇಳುವ ಹಕ್ಕೇ ಮನೆ ಮಾಲೀಕನಿಗಿಲ್ಲ. ಆದರೆ ತಲೆಯ ಮೇಲೊಂದು ಸೂರಿಗಾಗಿ ಗುರುತು ಬಚ್ಚಿಡುವವನಿಗೂ ಬೇರೆಯವರನ್ನು ಆಳಲು ಬಚ್ಚಿಡುವವನಿಗೂ ಅಜಗಜಾಂತರ. ಮೊದಲನೆಯವನು ತನ್ನ ಬದುಕನ್ನು ತಾನು ನಡೆಸಲು ಜಾಗ ಮಾಡಿಕೊಳ್ಳುತ್ತಿದ್ದಾನೆ. ಎರಡನೆಯವನು ಬೇರೆಯವರ ಬದುಕಿನ ಚುಕ್ಕಾಣಿ ಹಿಡಿಯುತ್ತಿದ್ದಾನೆ. ಕೈಗೆ ಬರುವ ಅಧಿಕಾರ ಹೆಚ್ಚಿದಷ್ಟೂ ಮುಚ್ಚಿಡುವ ಹಕ್ಕು ಕುಗ್ಗಬೇಕು.

ಅಸಿಮೋವ್‌ಗೆ ಈ ತೊಡಕು ಹೊಳೆದಿತ್ತೆಂದು ತೋರುತ್ತದೆ. 1950ರ ‘ದಿ ಎವಿಟಬಲ್ ಕಾನ್‌ಫ್ಲಿಕ್ಟ್’ ಕಥೆಯಲ್ಲಿ ಬೈಯರ್ಲಿ ಇಡೀ ಜಗತ್ತಿನ ಸಮನ್ವಯಾಧಿಕಾರಿ. ಅರ್ಥವ್ಯವಸ್ಥೆ ನಡೆಸುವುದು ದೈತ್ಯ ಯಂತ್ರಗಳು. ಅಲ್ಲಲ್ಲಿ ಸಣ್ಣಪುಟ್ಟ ಎಡವಟ್ಟುಗಳಾಗಿ ಕೆಲವರು ಹುದ್ದೆ ಕಳೆದುಕೊಳ್ಳುತ್ತಾರೆ. ಯಾಕಿರಬಹುದೆಂದು ಅವನು ಕ್ಯಾಲ್ವಿನ್‌ಳನ್ನು ಕೇಳುತ್ತಾನೆ. ಯಂತ್ರಗಳು ತಮ್ಮ ವಿರೋಧಿಗಳನ್ನು ಹೆಚ್ಚು ನೋವಾಗದಂತೆ ಮೆಲ್ಲಗೆ ಬದಿಗೆ ಸರಿಸುತ್ತಿವೆ, ಮನುಕುಲದ ಒಳಿತಿಗಾಗಿಯೇ, ಯಾರಿಗೂ ಹೇಳದೆ ಎನ್ನುತ್ತಾಳೆ ಅವಳು. ಅವಳಿಗದು ನೆಮ್ಮದಿಯ ಸುದ್ದಿ. ಬೈಯರ್ಲಿಗೋ ದಿಗಿಲು. ತಾನು ಮತದಾರರಿಗೆ ಮಾಡಿದ್ದನ್ನು ಈಗ ಯಂತ್ರಗಳು ತನಗೆ ಮಾಡುತ್ತಿವೆ.

ಒಳ್ಳೆಯದನ್ನೇ ಮಾಡಿದರೂ ಹೇಳದೆ ಮಾಡುವ ಆಳ್ವಿಕೆಯಲ್ಲಿ ಏನು ಕೊರತೆ ಎಂಬುದಕ್ಕೆ ಆ ದಿಗಿಲೇ ಉತ್ತರ. ಇಂದು ಸಾಲ ಕೊಡುವಾಗಲೂ ಕೆಲಸದ ಅರ್ಜಿ ಸೋಸುವಾಗಲೂ ಕಂಪ್ಯೂಟರಿನ ತೀರ್ಪು ನಡುವೆ ಬರುತ್ತಿದೆ. ಆ ತೀರ್ಪು ನ್ಯಾಯವಾಗಿಯೇ ಇರಬಹುದು. ಆದರೂ ಹೀಗೇಕೆಂದು ಕೇಳಿ, ಸಿಕ್ಕ ಕಾರಣ ಒಪ್ಪಿಗೆಯಾಗದಿದ್ದರೆ ತಕರಾರು ಎತ್ತಲು ದಾರಿ ಇರಬೇಕು. ಆಳುವವನ ಮೈಯಲ್ಲಿ ರಕ್ತವಿದೆಯೋ ತಂತಿಯಿದೆಯೋ ಎಂಬುದು ಕ್ವಿನ್ ಎತ್ತಿದ ಪ್ರಶ್ನೆ. ಪ್ರಜೆಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಅವನು ನಮಗೆ ಲೆಕ್ಕ ಒಪ್ಪಿಸುತ್ತಾನೆಯೇ?