ಸಂಜೆ ಏಳು ಗಂಟೆಯ ಕರೆಂಟು

ಸೋಲಾರ್ ಮಾತು ಬಂದರೆ ಬೆಂಗಳೂರಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ವರ್ಕೌಟ್ ಆಗುತ್ತಾ?" ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ? ಜೊತೆಗೆ ಬ್ಯಾಟರಿನೂ ಹಾಕಿಸಬೇಕಾ? ನಾಲ್ಕು ದಿನ ಮೋಡ ಕವಿದರೆ ಏನು ಗತಿ? ಮನೆಯ ಒಳಾಂಗಣಕ್ಕೆ, ಫಾಲ್ಸ್ ಸೀಲಿಂಗಿಗೆ ಲಕ್ಷಗಟ್ಟಲೆ ಸುರಿಯುವಾಗ ಯಾರೂ ಇಂಥ ಲೆಕ್ಕ ಹಾಕಲ್ಲ ಅನ್ನೋದು ಬೇರೆ ಮಾತು. ಆದರೂ ಪ್ರಶ್ನೆ ನ್ಯಾಯವಾದದ್ದೇ. ನನಗೆ ಅದರಲ್ಲಿ ಕಾಣುವ ಕೊರತೆ ಒಂದೇ. ವರ್ಕೌಟ್ ಆಗಬೇಕಾದದ್ದು ಯಾರಿಗೆ ಅಂತ ಅದು ಹೇಳೋದೇ ಇಲ್ಲ.

ಮೊದಲು ಲೆಕ್ಕ ಮುಗಿಸಿಬಿಡೋಣ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ಲು ಒಳ್ಳೆಯ ದಿನ ಸುಮಾರು 4 ಯೂನಿಟ್ ಕೊಡುತ್ತೆ. 3 ಕಿಲೋವ್ಯಾಟ್ ಹಾಕಿಸಿದರೆ ದಿನಕ್ಕೆ 12 ಯೂನಿಟ್. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇಷ್ಟಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಕೊಟ್ಟು ಧಾರಾಳವಾಗಿ ಕರೆಂಟು ಬಳಸೋ ಮನೆಗೆ ಐದಾರು ವರ್ಷದಲ್ಲಿ ಅಸಲು ಬಂದುಬಿಡುತ್ತೆ. ಪ್ಯಾನೆಲ್ಲಿನ ಬಾಳಿಕೆ 25 ವರ್ಷ. ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಒಳಗಿದ್ದು ಸೊನ್ನೆ ಬಿಲ್ ಬರೋ ಮನೆಗೆ ಮಾತ್ರ ಆ ಅಸಲು ಯಾವತ್ತೂ ಬರಲ್ಲ. ಉಳಿಸೋಕೆ ಅವರಿಗೆ ಬಿಲ್ಲೇ ಇಲ್ಲವಲ್ಲ!

ಬ್ಯಾಟರಿಯ ಲೆಕ್ಕ ಇಷ್ಟು ಸಲೀಸಲ್ಲ. ಮನೆಮನೆಯಲ್ಲಿ ಯುಪಿಎಸ್ ಪಕ್ಕ ಕೂತಿರೋ 150 ಆಂಪಿಯರ್-ಅವರ್‌ನ ಲೆಡ್-ಆ್ಯಸಿಡ್ ಬ್ಯಾಟರಿ ತಗೊಳ್ಳಿ. 12 ವೋಲ್ಟಿನಿಂದ ಗುಣಿಸಿದರೆ ಕಾಗದದ ಮೇಲೆ 1.8 ಯೂನಿಟ್. ಬ್ಯಾಟರಿ ಬೇಗ ಹಾಳಾಗಬಾರದು ಅಂದರೆ ಅದರಲ್ಲಿ ಅರ್ಧದಷ್ಟೇ ಬಳಸಬೇಕು. ನಾಲ್ಕು ಲೈಟು, ಎರಡು ಫ್ಯಾನು, ವೈಫೈಗೆ ಸಾಕು; ಗೀಸರ್ ಹಾಕಿದರೆ ಅರ್ಧ ಗಂಟೆಯೂ ಬರಲ್ಲ. ಲಿಥಿಯಂ ಬ್ಯಾಟರಿ ಇದಕ್ಕಿಂತ ಎಷ್ಟೋ ವಾಸಿ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಅದನ್ನು ಹಾಕಿಸಿದವರಿಗೆ ಬಿಲ್ಲಿನಲ್ಲಿ ಹೆಚ್ಚು ಕಮ್ಮಿ ಏನೂ ಉಳಿಯಲ್ಲ. ಕಾರಣ ನೆಟ್ ಮೀಟರಿಂಗ್. ಮಧ್ಯಾಹ್ನ ತಾರಸಿಯಲ್ಲಿ ಹೆಚ್ಚಾದ ಯೂನಿಟ್ಟು ತಂತಿಗೆ ಹೋಗುತ್ತೆ, ಸಂಜೆ ಅಷ್ಟೇ ಯೂನಿಟ್ಟು ತಂತಿಯಿಂದ ಬರುತ್ತೆ. ತಿಂಗಳ ಕೊನೆಗೆ ಕೂಡಿಸಿ ಕಳೆದರೆ ಸರಿಸಮ. ತಂತಿಯೇ ಪುಕ್ಕಟೆ ಬ್ಯಾಟರಿ ಆಗಿರುವಾಗ ಲಕ್ಷ ಕೊಟ್ಟು ಗೋಡೆಗೆ ಇನ್ನೊಂದು ಯಾಕೆ ನೇತುಹಾಕಬೇಕು?

ಹೀಗಾಗಿ ಮನೆ ಬ್ಯಾಟರಿ ವರ್ಕೌಟ್ ಆಗಲ್ಲ ಅನ್ನೋ ತೀರ್ಮಾನಕ್ಕೆ ಬರೋದು ಸುಲಭ. ನನ್ನ ತಕರಾರು ಇಲ್ಲಿಂದಲೇ ಶುರು. ಈ ತೀರ್ಮಾನ ಸರಿ ಅನ್ನಿಸೋದು ನಮ್ಮ ಬಿಲ್ಲಿಗೆ ಗಡಿಯಾರ ಇಲ್ಲದಿರೋದರಿಂದ. ಮಧ್ಯಾಹ್ನ ಹನ್ನೆರಡರ ಯೂನಿಟ್ಟಿಗೂ ಸಂಜೆ ಏಳರ ಯೂನಿಟ್ಟಿಗೂ ಅದರಲ್ಲಿ ಒಂದೇ ಬೆಲೆ. ಆದರೆ ಅವೆರಡೂ ಒಂದೇ ಕರೆಂಟಲ್ಲ. ಮಧ್ಯಾಹ್ನದ್ದು ಪಾವಗಡದಿಂದ ಬರಬಹುದು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮಳೆ ನೆಚ್ಚಿಕೊಂಡು ಸೋತ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆಗೆ ಜಮೀನು ಕೊಟ್ಟಿದ್ದಾರೆ. ಸೂರ್ಯ ಮುಳುಗಿದ ಮೇಲೆ ಆ ಪ್ಯಾನೆಲ್ಲುಗಳೂ ಕಣ್ಣು ಮುಚ್ಚುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನಾವು ಮನೆಗೆ ಬಂದು ಲೈಟು, ಟಿವಿ, ಇಂಡಕ್ಷನ್ ಒಲೆ, ಬೇಸಿಗೆಯಾದರೆ ಎಸಿ ಹಾಕ್ತೀವಿ. ಆಗ ಬರೋದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಮತ್ತು ಶರಾವತಿಯ ನೀರು. "ನಮ್ಮನೆ ಪೂರ್ತಿ ಸೋಲಾರ್" ಅಂತ ಹೇಳಿಕೊಳ್ಳೋರ ಮನೆಯ ಸಂಜೆ ದೀಪವೂ ಉರಿಯೋದು ಅದರಿಂದಲೇ. ಬಿಲ್ಲಿನಲ್ಲಿ ಸರಿಹೋದ ಲೆಕ್ಕ ಬಾಯ್ಲರಿನಲ್ಲಿ ಸರಿಹೋಗಿರಲ್ಲ.

ಬಿಸಿಲು ಇರುವ ಹೊತ್ತಿಗೂ ನಮಗೆ ಬೇಕಾದ ಹೊತ್ತಿಗೂ ನಡುವೆ ಇರೋ ಈ ಕಂದಕವನ್ನು ಯಾರಾದರೂ ತುಂಬಲೇಬೇಕು. ಇಷ್ಟು ದಿನ ಯಾರು ತುಂಬಿದ್ದು ಅನ್ನೋದೇ ನನ್ನ ಮಟ್ಟಿಗೆ ಇಲ್ಲಿರೋ ನೈತಿಕ ಪ್ರಶ್ನೆ.

ಊರಲ್ಲಿ ತೋಟ, ಗದ್ದೆ ಇರೋರಿಗೆ ಉತ್ತರ ಗೊತ್ತಿದೆ. ಸೋಲಾರ್ ಬರೋದಕ್ಕೆ ಎಷ್ಟೋ ಮೊದಲಿಂದಲೂ ನಮ್ಮಲ್ಲಿ ಬೇಡಿಕೆಗೆ ತಕ್ಕಷ್ಟು ಕರೆಂಟು ಇರಲಿಲ್ಲ. ಆ ಕೊರತೆಯನ್ನು ಸರಿದೂಗಿಸಿದ್ದು ಹೇಗೆ? ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದನ್ನು ಪಾಳಿಗೆ ಹಾಕಿ. ಪೇಟೆ ಮಲಗಿದ ಮೇಲೆ ಮಿಕ್ಕ ಕರೆಂಟು ಹೊಲಕ್ಕೆ. ರಾತ್ರಿ ಎರಡಕ್ಕೆ ಎದ್ದು, ಹಾವು ಚೇಳಿನ ಭಯದಲ್ಲಿ ಬದುವಿನ ಮೇಲೆ ನಡೆದು, ಮೋಟಾರು ಹಾಕಿ, ಮಡೆ ತಿರುವಿ ಬರಬೇಕು. ಹಳ್ಳಿಯಲ್ಲಿ ಕೈಯಲ್ಲಿ ಹಿಡಿಯೋ ಟಾರ್ಚಿಗೂ "ಬ್ಯಾಟರಿ" ಅಂತಲೇ ಹೆಸರು. ನನಗನ್ನಿಸೋದು, ನಮ್ಮ ವಿದ್ಯುತ್ ಜಾಲದ ಮೊದಲ ಬ್ಯಾಟರಿ ಆ ಟಾರ್ಚು ಹಿಡಿದವನ ನಿದ್ದೆ. ನಮ್ಮ ಸಂಜೆ ಕೆಡದಿರಲಿ ಅಂತ ಅವನ ರಾತ್ರಿಯನ್ನು ಬಳಸಿಕೊಂಡೆವು. ಅದು ವರ್ಕೌಟ್ ಆಗುತ್ತಾ ಅಂತ ಅವನನ್ನು ಕೇಳಿದವರು ಕಡಿಮೆ.

ಈಗ ಸೋಲಾರ್ ಆ ಅನ್ಯಾಯವನ್ನು ಸ್ವಲ್ಪ ಸರಿಮಾಡ್ತಾ ಇದೆ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ನುಗಳ ಹತ್ತಿರವೇ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ಟಿನ ಫೀಡರುಗಳಿಗೆ ಹಗಲಲ್ಲೇ ಕರೆಂಟು ಕೊಡೋ ಕೆಲಸ ನಡೀತಿದೆ. ಬ್ಯಾಟರಿ ಬೇಡ, ಏನೂ ಬೇಡ. ಬಿಸಿಲಿದ್ದಾಗ ನೀರೆತ್ತಿದರೆ ಆಯ್ತು. ಹೊಲದ ಕೆಲಸವನ್ನು ಸೂರ್ಯನ ವೇಳೆಗೆ ತರಬಹುದು. ನಮ್ಮ ಸಂಜೆಯನ್ನು?

ಅದಕ್ಕೆ ಸರ್ಕಾರದ ಬಳಿ ಇರೋ ಒಂದು ಉತ್ತರ ಶರಾವತಿ ಕಣಿವೆಯಲ್ಲಿದೆ. 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಅದು. ಕರೆಂಟು ಹೆಚ್ಚಿರುವಾಗ ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತೋದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯೋದು. ಎತ್ತೋಕೆ ಖರ್ಚಾದದ್ದರಲ್ಲಿ ಐದನೇ ಒಂದು ಭಾಗದಷ್ಟಾದರೂ ಸೋರಿಹೋಗುತ್ತೆ. ಆದರೂ ಇದು ನೀರನ್ನೇ ಬ್ಯಾಟರಿ ಮಾಡೋ ಹಳೆಯ, ಪಳಗಿದ ತಂತ್ರ. ಎರಡೂ ಜಲಾಶಯ ಆಗಲೇ ಇವೆ, ಹೊಸದಾಗಿ ಊರು ಮುಳುಗಿಸಬೇಕಿಲ್ಲ ಅನ್ನೋ ಎಂಜಿನಿಯರುಗಳ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಸುರಂಗ, ರಸ್ತೆ ಅಂತ ಕಾಡು ಕಡಿಯಬೇಕು. ಅದೂ ಅಲ್ಲದೆ ಆ ಕಣಿವೆ ಒಮ್ಮೆ ಕೊಟ್ಟಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ-ಗದ್ದೆ ಕಳಕೊಂಡವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇವತ್ತಿಗೂ ಅರ್ಜಿ ಹಿಡಿದು ಓಡಾಡ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಎಷ್ಟೋ ಹಳ್ಳಿಗಳಿಗೆ ದಶಕಗಳ ಕಾಲ ಕರೆಂಟೇ ಬರಲಿಲ್ಲ.

ಯೋಜನೆ ಬೇಕೋ ಬೇಡವೋ ಅಂತ ಒಂದೇ ಮಾತಲ್ಲಿ ತೀರ್ಪು ಕೊಡೋ ಧೈರ್ಯ ನನಗಿಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ನಮ್ಮ ಮನೆಯ ಮೂಲೆಯಲ್ಲಿ ಎರಡು ಅಡಿ ಜಾಗದಲ್ಲಿ ಹೊರಬಹುದಾದ ಭಾರವನ್ನು ನೂರಾರು ಕಿಲೋಮೀಟರ್ ದೂರದ ಕಾಡಿನ ಮೇಲೆ ಹೊರಿಸುವ ಮೊದಲು, ನಾವು ಎಷ್ಟು ಹೊರಬಲ್ಲೆವು ಅಂತ ನಮ್ಮನ್ನು ನಾವು ಕೇಳಿಕೊಳ್ಳಬೇಕಿತ್ತು.

ಇಲ್ಲಿ ನನ್ನ ಗೆಳೆಯನೊಬ್ಬ ಅಡ್ಡ ಬರ್ತಾನೆ. "ಅದನ್ನೇ ಕಣೋ ನಾನೂ ಹೇಳೋದು. ನಂದೇ ತಾರಸಿ, ನಂದೇ ಬಿಸಿಲು, ನಂದೇ ಬ್ಯಾಟರಿ. ಕಂಬದಿಂದ ತಂತಿ ಕಿತ್ತುಹಾಕಿಬಿಟ್ಟರೆ ಯಾರಿಗೂ ಭಾರವೇ ಇಲ್ಲ." ಕೇಳೋಕೆ ಸ್ವಾಭಿಮಾನದ ಮಾತು. ಆದರೆ ಇದೇ ಮಾತನ್ನು ಬೆಂಗಳೂರು ಒಮ್ಮೆ ನೀರಿನ ವಿಷಯದಲ್ಲಿ ಆಡಿದೆ. ನಲ್ಲಿ ನೀರು ಸಾಲದೇ ಹೋದಾಗ ಉಳ್ಳವರೆಲ್ಲ ಅವರವರ ಬೋರ್‌ವೆಲ್ ತೆಗೆಸಿಕೊಂಡರು. ಆಮೇಲೆ ನಲ್ಲಿ ಬಗ್ಗೆ ಕೇಳೋರ ದನಿ ತಗ್ಗಿತು. ನೆಲದ ನೀರಿನಂತೆ ಬಿಸಿಲು ಬತ್ತಲ್ಲ, ನಿಜ. ಬತ್ತೋದು ತಂತಿಯ ಬೊಕ್ಕಸ. ಕಂಬ, ಟ್ರಾನ್ಸ್‌ಫಾರ್ಮರ್, ಪವರ್‌ಮ್ಯಾನ್ ಸಂಬಳ ಯಾವುದೂ ನನ್ನ ಗೆಳೆಯ ಹೊರಹೋದ ಅಂತ ಕಡಿಮೆಯಾಗಲ್ಲ. ಆ ಖರ್ಚು ಉಳಿದವರ ತಲೆ ಮೇಲೆ ಬೀಳುತ್ತೆ. ಉಳಿಯೋರು ಯಾರು? ಬಾಡಿಗೆ ಮನೆಯವರು, ಪಿಜಿಯಲ್ಲಿರೋರು, ನೂರು ಫ್ಲ್ಯಾಟಿಗೆ ಒಂದೇ ತಾರಸಿ ಇರೋ ಅಪಾರ್ಟ್‌ಮೆಂಟಿನವರು, ವಠಾರದಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರೋರು. ತಾರಸಿ ಅನ್ನೋದೇ ಒಂದು ಆಸ್ತಿ, ಸ್ವಾಮಿ.

ಸಾಲದ್ದಕ್ಕೆ, ಜುಲೈ-ಆಗಸ್ಟಿನಲ್ಲಿ ವಾರಗಟ್ಟಲೆ ಮೋಡ ಕವಿದರೆ ಅದಕ್ಕೂ ಸಾಲುವಷ್ಟು ಬ್ಯಾಟರಿ ಇಡೋದು, ವರ್ಷಕ್ಕೊಮ್ಮೆ ಬರೋ ನೆಂಟರಿಗಾಗಿ ಕಲ್ಯಾಣ ಮಂಟಪ ಕಟ್ಟಿಸಿದಂತೆ. ಅಂಥ ದಿನಕ್ಕೆ ತಂತಿಯೇ ಬೇಕು.

ತಂತಿಗೆ ಜೋಡಿಸಿದ ಸೋಲಾರಿನಲ್ಲಿ ಒಂದು ನಿಯಮವಿದೆ, ನನಗೆ ಬಹಳ ಇಷ್ಟ. ಬೀದಿಯಲ್ಲಿ ಕರೆಂಟು ಹೋದರೆ, ನೆತ್ತಿ ಮೇಲೆ ಸುಡುಬಿಸಿಲಿದ್ದರೂ, ಬ್ಯಾಟರಿ ಇಲ್ಲದ ತಾರಸಿ ಘಟಕ ತಾನಾಗಿ ನಿಂತುಬಿಡುತ್ತೆ. ಹೊಸದಾಗಿ ಹಾಕಿಸಿದವರು ಇದಕ್ಕೆ ಬೈಯೋದುಂಟು: "ಇಷ್ಟು ಖರ್ಚು ಮಾಡಿಯೂ ಕತ್ತಲಾ?" ಕಾರಣ ಇಷ್ಟೇ. ಕಂಬ ಹತ್ತಿ ತಂತಿ ರಿಪೇರಿ ಮಾಡ್ತಿರೋ ಪವರ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದು. ಮುಖ ಕಾಣದ ಒಬ್ಬನ ಜೀವಕ್ಕಾಗಿ ನಮ್ಮ ಫ್ಯಾನು ನಿಲ್ಲುತ್ತೆ. ತಂತಿಗೆ ಜೋಡಿಸಿಕೊಳ್ಳೋದು ಅಂದರೆ ಇದಕ್ಕೆ ಒಪ್ಪಿಕೊಳ್ಳೋದು.

ಬ್ಯಾಟರಿಯೂ ಪುಣ್ಯದ ವಸ್ತುವೇನಲ್ಲ. ಲೆಡ್-ಆ್ಯಸಿಡ್ ಬ್ಯಾಟರಿ ಸತ್ತ ಮೇಲೆ ಗುಜರಿಗೆ ಹೋಗಿ, ಯಾವುದೋ ಶೆಡ್ಡಿನಲ್ಲಿ ಯಾರೋ ಬರಿಗೈಯಲ್ಲಿ ಒಡೆದು, ಆ್ಯಸಿಡ್ ಚರಂಡಿಗೆ ಚೆಲ್ಲಿ, ಸೀಸ ಕರಗಿಸಿದರೆ ಆ ಹೊಗೆ ಅಲ್ಲಿನ ಮಕ್ಕಳ ರಕ್ತಕ್ಕೆ ಇಳಿಯುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಾಪಸ್ ಪಡೆಯೋ ಹೊಣೆಯನ್ನು ತಯಾರಕರಿಗೆ ವಹಿಸಿವೆ. ಹಳೇ ಬ್ಯಾಟರಿಯನ್ನು ಎಲ್ಲಿಗೆ ಕೊಡ್ತೀವಿ ಅನ್ನೋದು ನಮ್ಮ ಕೈಯಲ್ಲಿದೆ.

ಆದ್ದರಿಂದ ನನ್ನ ವಾದ ಎಲ್ಲರೂ ಬ್ಯಾಟರಿ ಕೊಳ್ಳಲಿ ಅಂತಲ್ಲ. ಮೊದಲು, ಆದಷ್ಟು ಕೆಲಸವನ್ನು ಬಿಸಿಲಿನ ಹೊತ್ತಿಗೆ ತಳ್ಳೋಣ. ಸಂಪಿನಿಂದ ಟ್ಯಾಂಕಿಗೆ ನೀರು ಹತ್ತಿಸೋದು ಮಧ್ಯಾಹ್ನ ಆಗಬಹುದು, ವಾಷಿಂಗ್ ಮಷಿನ್ನೂ ಅಷ್ಟೇ. ನಮ್ಮೂರ ತಾರಸಿಗಳ ಮೇಲಿರೋ ಸೋಲಾರ್ ವಾಟರ್ ಹೀಟರುಗಳನ್ನೇ ನೋಡಿ. ಹಗಲಿನ ಬಿಸಿಲನ್ನು ಮರುದಿನ ಬೆಳಗಿನ ಸ್ನಾನಕ್ಕೆ ಎತ್ತಿಡೋ ಅವು ಮನೆಯ ಇಂಧನ ಭಂಡಾರವಲ್ಲದೆ ಇನ್ನೇನು? ಅವು ಕಾರ್ಯಸಾಧ್ಯವಾ ಅಂತ ಈಗ ಯಾರೂ ಚರ್ಚೆ ಮಾಡಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಇರೋರ ಬಳಿ ಆಗಲೇ ಸುಮಾರು 3 ಯೂನಿಟ್ಟಿನ ಬ್ಯಾಟರಿ ಇದೆ. ಅದನ್ನು ಸಂಜೆ ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕೋ ಬದಲು ಹಗಲು ಆಫೀಸಿನಲ್ಲಿ ಹಾಕಿದರೆ, ತಾರಸಿ ಇಲ್ಲದ ಬಾಡಿಗೆದಾರನೂ ತನ್ನ ಪಾಲು ಹೊತ್ತಂತೆ. ಇಷ್ಟೆಲ್ಲ ಆದ ಮೇಲೂ ಕೈಯಲ್ಲಿ ದುಡ್ಡಿದ್ದರೆ ಬ್ಯಾಟರಿ ಬರಲಿ, ತಂತಿ ಕಿತ್ತುಹಾಕೋಕಲ್ಲ, ಸಂಜೆ ಆರರಿಂದ ಹತ್ತರವರೆಗೆ ತಂತಿಯ ಮೇಲೆ ನಮ್ಮ ಭಾರ ಇಳಿಸೋಕೆ.

ಹೀಗೆ ಮಾಡಿದರೆ ಇವತ್ತಿನ ಬಿಲ್ಲು ಯಾರಿಗೂ ಒಂದು ರೂಪಾಯಿ ಬಹುಮಾನ ಕೊಡಲ್ಲ. ಒಬ್ಬೊಬ್ಬರ ಒಳ್ಳೆಯತನವನ್ನೇ ನೆಚ್ಚಿಕೊಂಡರೆ ಇದು ದೂರ ಸಾಗಲ್ಲ ಅನ್ನೋದೂ ಸತ್ಯ. ಅದಕ್ಕೇ ಬಿಲ್ಲಿಗೆ ಗಡಿಯಾರ ಬೇಕು: ಮಧ್ಯಾಹ್ನದ ಯೂನಿಟ್ಟು ಅಗ್ಗ, ಸಂಜೆಯದ್ದು ದುಬಾರಿ. ಒಂದು ಷರತ್ತು. ಒಂದೇ ಕೋಣೆಯ ಮನೆಯಲ್ಲಿ ಸಂಜೆ ಏಳಕ್ಕೆ ದೀಪ ಹಚ್ಚಿ ಮಕ್ಕಳನ್ನು ಓದೋಕೆ ಕೂರಿಸೋ ತಾಯಿಗೆ ಆ ದುಬಾರಿ ತಟ್ಟಬಾರದು. ಅವಳಿಗೆ ಮುಂದೂಡೋಕೆ ಏನೂ ಇಲ್ಲ. ಎಸಿ, ಕಾರು ಚಾರ್ಜರ್, ಗೀಸರ್ ಇರೋ ನಮ್ಮಂಥೋರ ಬಳಿ ಇದೆ.

ಅಂಥ ಬಿಲ್ಲು ಬಂದ ತಿಂಗಳು ನಮ್ಮ ಸಂಜೆಗಳು ದುಬಾರಿಯಾಗುತ್ತವೆ, ಬ್ಯಾಟರಿಯ ಲೆಕ್ಕವೂ ಥಟ್ಟನೆ ವರ್ಕೌಟ್ ಆಗಲು ಶುರುವಾಗುತ್ತೆ. ಅವತ್ತು ನಾವು ಅದನ್ನು ಹಗಲುದರೋಡೆ ಅಂತ ಬೈತೀವೋ, ಇಷ್ಟು ವರ್ಷ ಬೇರೆಯವರು ನಮ್ಮ ಪರವಾಗಿ ಕಟ್ಟುತ್ತಿದ್ದ ಬಿಲ್ಲು ಕೊನೆಗೂ ಸರಿಯಾದ ವಿಳಾಸಕ್ಕೆ ಬಂತು ಅಂತ ಕಟ್ಟುತ್ತೀವೋ, ನೋಡಬೇಕು.